ಹನ್ನೆರಡು ವಾಲ್ವ್‌ಗಳಿಗೆ ಹಚ್ಚಿದ ಕುಂಕುಮ

ನನಗೆ ಕೋಪ ಮೂಗಿನ ತುದಿಯಲ್ಲೇ ಇರುತ್ತದೆ ಅಂತ ಮನೆಯವರೆಲ್ಲ ಹೇಳುತ್ತಾರೆ. ಇರಲಿ. ಕಾಮಾಕ್ಷಿಪಾಳ್ಯದ ಗಲ್ಲಿಯೊಂದರಲ್ಲಿ ಇಪ್ಪತ್ತೈದು ವರ್ಷ ಗಂಡಸರ ನಡುವೆ ಕೂತು, ಅವರು ಮಾಡಿದ್ದನ್ನು ಅಳೆದು, ಇದು ಸರಿ, ಇದು ಗುಜರಿಗೆ ಅಂತ ಹೇಳುವ ಹೆಂಗಸಿಗೆ ಕೋಪ ಇನ್ನೆಲ್ಲಿರಬೇಕು? ವರ್ಕ್‌ಶಾಪ್ ನಮ್ಮಣ್ಣನದು. ಲೋಹ ಕಡೆಯುವ ಲೇತ್ ಮೆಷಿನ್ನಿನ ಕೆಲಸವೆಲ್ಲ ಮೇಸ್ತ್ರಿಯದು. ಅಳತೆ, ತಪಾಸಣೆ, ಕಾಗದದ ಮೇಲಿನ ಸಹಿ ನನ್ನದು. ಮೇಸ್ತ್ರಿ ನಮ್ಮಪ್ಪನ ಕಾಲದವರು. ನಾನು ಲಂಗ ಹಾಕಿಕೊಂಡು ಓಡಾಡುತ್ತಿದ್ದಾಗಿನಿಂದ ನೋಡಿದವರು, ಆದರೂ ನನ್ನನ್ನು ಅಮ್ಮ ಅಂತಲೇ ಕರೆಯುತ್ತಿದ್ದರು.

ಪೆಟ್ರೋಲ್ ಬೈಕಿನ ಎಂಜಿನ್ನಿಗೆ ಬೇಕಾದ ಬುಷ್‌ಗಳನ್ನು ಮಾಡಿಯೇ ನಾವೆಲ್ಲ ಅನ್ನ ತಿಂದದ್ದು. ಬೆರಳುಂಗುರದಷ್ಟಿರುವ ಲೋಹದ ಬಳೆಗಳು, ಅಷ್ಟೇ. ಎಲೆಕ್ಟ್ರಿಕ್ ಸ್ಕೂಟರ್ ಬಂದಮೇಲೆ ಆ ಆರ್ಡರ್ ತಿಂಗಳಿಂದ ತಿಂಗಳಿಗೆ ಸಣ್ಣದಾಗುತ್ತಾ ಹೋಯಿತು. ಎಂಜಿನ್ನೇ ಇಲ್ಲದ ಗಾಡಿಗೆ ಬುಷ್ ಯಾಕೆ? ಪಕ್ಕದ ಎರಡು ಶೆಡ್‌ನವರು ಬಾಗಿಲು ಹಾಕಿ ಗಾರ್ಮೆಂಟ್ಸ್‌ನವರಿಗೆ ಬಾಡಿಗೆಗೆ ಕೊಟ್ಟರು. ಅದೇ ವರ್ಷ ನಾನೂ ಒಂದು ಎಲೆಕ್ಟ್ರಿಕ್ ಸ್ಕೂಟರ್ ಕೊಂಡೆ. ಮೇಸ್ತ್ರಿ ಅದರ ಸುತ್ತ ಒಂದು ಸುತ್ತು ಬಂದು, "ಕೂತ ಕೊಂಬೇನೇ ಕಡಿಯೋದು ಅಂದ್ರೆ ಇದೇ ಅಮ್ಮ," ಅಂದರು. ಅದು ನಿಜವಾಗಿತ್ತು.

ಆ ಹೊತ್ತಿನಲ್ಲೇ ಅಣ್ಣ ಎಲ್ಲಿಂದಲೋ ರಾಕೆಟ್ ಆರ್ಡರ್ ಹಿಡಿದು ತಂದ. ಕೆಂಗೇರಿಯಾಚೆ ಒಂದು ದೊಡ್ಡ ಶೆಡ್ಡಿನಲ್ಲಿ ಮೂವತ್ತು ದಾಟದ ಹುಡುಗ ಹುಡುಗಿಯರು ಸೇರಿ ರಾಕೆಟ್ ಎಂಜಿನ್ ಮಾಡುತ್ತಿದ್ದರು. ಅವರಿಗೆ ಆಕ್ಸಿಜನ್ ಹರಿಯುವ ಪೈಪಿಗೆ ಹನ್ನೆರಡು ವಾಲ್ವ್ ಬೇಕಿತ್ತು. ನಮಗಿಂತ ಹತ್ತು ಪಟ್ಟು ದೊಡ್ಡ ವರ್ಕ್‌ಶಾಪೊಂದು ಅದೇ ಕೆಲಸಕ್ಕೆ ಕಾದು ಕೂತಿತ್ತು. ಈ ಹನ್ನೆರಡು ಸರಿಹೋದರೆ ಮುಂದಿನದೆಲ್ಲ ನಿಮಗೆ, ಇಲ್ಲದಿದ್ದರೆ ಅವರಿಗೆ ಅಂತ ಕಂಪನಿಯವರು ಮುಚ್ಚುಮರೆಯಿಲ್ಲದೆ ಹೇಳಿದ್ದರು. ಅವರಿಗೂ ಪೈಪೋಟಿಯ ಬಿಸಿ ಇತ್ತು. ಊರಿನ ಇನ್ನೊಂದು ಕಂಪನಿ ತನ್ನ ಎಂಜಿನ್ ಉರಿಸುವುದಕ್ಕೆ ಮೊದಲೇ ಇವರು ಉರಿಸಬೇಕಿತ್ತು.

ಅವರ ಕಡೆಯಿಂದ ಬರುತ್ತಿದ್ದವಳು ಧಾರವಾಡದ ಕಡೆಯ ಎಂಜಿನಿಯರ್ ಹುಡುಗಿ. ಮೊದಲ ದಿನವೇ ನನ್ನನ್ನು ಕೂರಿಸಿಕೊಂಡು ಹೇಳಿದಳು: "ನೋಡ್ರೀ, ಎಣ್ಣಿ ಒಂದ್ ಹನಿ ಉಳಿದ್ರೂ ಆಕ್ಸಿಜನ್ ಬಿಟ್ಟಾಗ ಬೆಂಕಿ ಹತ್ತತೈತ್ರೀ. ಲೈನ್ ಹತ್ರ ಮಂದಿ ನಿಂತಿರ್ತಾರ." ಅದಕ್ಕೇ ವಾಲ್ವ್ ತೊಳೆದು, ಒಣಗಿಸಿ, ಕವರಿನಲ್ಲಿ ಸೀಲ್ ಮಾಡುವುದನ್ನು ಒಬ್ಬರು ನಿಂತು ನೋಡಿ, ಒಂದೊಂದಕ್ಕೂ ಸಹಿ ಹಾಕಬೇಕು. ಆ ಒಬ್ಬರು ನಾನು.

ಇದನ್ನೆಲ್ಲ ನಾನು ಮೇಸ್ತ್ರಿಗೆ ಹೇಳಬೇಕಿತ್ತು. ಹೇಳಲಿಲ್ಲ. "ಎಣ್ಣೆ ಕೈ ತಾಗಿಸ್ಬೇಡಿ" ಅಂದೆ, ಅಷ್ಟೇ. ನಮ್ಮಲ್ಲಿ ಒಂದು ಪದ್ಧತಿ ಇತ್ತು. ಹೊಸ ಆರ್ಡರಿನ ಮೊದಲ ಪೀಸ್ ಲೇತ್‌ನಿಂದ ಇಳಿದ ಕೂಡಲೇ ದೇವರ ಪಟದ ಮುಂದಿಟ್ಟು ಮೇಸ್ತ್ರಿ ಅದಕ್ಕೆ ಕುಂಕುಮ ಹಚ್ಚುತ್ತಿದ್ದರು. ಆಮೇಲೆಯೇ ಎರಡನೆಯದಕ್ಕೆ ಕೈ ಹಾಕುವುದು. ಈ ಸಲ ಅವರು ಕುಂಕುಮದ ಬಟ್ಟಲು ತೆಗೆದಾಗ ನಾನು, "ಇದಕ್ಕೆ ಪೂಜೆ ಗೀಜೆ ಏನೂ ಬೇಡ, ಸುಮ್ನೆ ಕೆಲಸ ನೋಡಿ," ಅಂತ ಗದರಿದೆ. ಯಾಕೆ ಅಂತ ಅವರು ಕೇಳಲಿಲ್ಲ. ಬಟ್ಟಲನ್ನು ಒಳಗಿಟ್ಟರು.

ತೊಳೆದು ಸೀಲ್ ಮಾಡುವ ಕೆಲಸ ಶುಕ್ರವಾರಕ್ಕೆ ಬಂತು. ಅವತ್ತು ವಿಜಯನಗರದಲ್ಲಿ ನೆಂಟರ ಮನೆ ಹುಡುಗಿಯ ಸೀಮಂತ. ಬೆಳಿಗ್ಗೆ ಕಾಫಿ ಕುಡಿಯುತ್ತಾ ತಪಾಸಣೆ ಹಾಳೆಯ ಹನ್ನೆರಡು ಸಾಲಿಗೂ ಸಹಿ ಹಾಕಿಟ್ಟು, ಮೇಸ್ತ್ರಿ ಇದ್ದಾರಲ್ಲ, ಮೂವತ್ತೈದು ವರ್ಷದ ಕೈ ಅಂದುಕೊಂಡು ಹೋಳಿಗೆ ಊಟಕ್ಕೆ ಹೋದೆ. ವಾಪಸ್ ಬಂದಾಗ ಹನ್ನೆರಡೂ ಸೀಲ್ ಆಗಿ ಡಬ್ಬಿಯಲ್ಲಿ ಕೂತಿದ್ದವು. ಶನಿವಾರ ಬೆಳಿಗ್ಗೆ ವ್ಯಾನ್ ಅದನ್ನು ಒಯ್ದಿತು. ಮಧ್ಯಾಹ್ನ ಎರಡಕ್ಕೆ ಜೋಡಿಸಿ, ನಾಲ್ಕಕ್ಕೆ ಆಕ್ಸಿಜನ್ ಬಿಡುತ್ತೇವೆ ಅಂತ ಎಂಜಿನಿಯರ್ ಹುಡುಗಿ ಹೇಳಿದ್ದಳು.

ಹನ್ನೆರಡೂವರೆಗೆ ತೊಳೆಯುವ ಮೇಜು ಒರೆಸಲು ಹೋದೆ. ಕೆಳಗಿನ ಬುಟ್ಟಿಯಲ್ಲಿ ಬಿಳಿ ಬಟ್ಟೆಯ ಚೂರುಗಳು ಬಿದ್ದಿದ್ದವು. ಒಂದು ಕೆಂಪಗಿತ್ತು. ಎತ್ತಿಕೊಂಡೆ, ಬೆರಳಿಗೆ ಜಿಡ್ಡು ತಾಗಿತು, ಮೂಸಿದರೆ ಕೊಬ್ಬರಿ ಎಣ್ಣೆ.

ಮೇಸ್ತ್ರಿಯನ್ನು ಕರೆದು ತೋರಿಸಿದೆ. ಅವರು ಅಲ್ಲಗಳೆಯಲಿಲ್ಲ. "ಮೊದಲ ಪೀಸ್‌ಗೆ ಕುಂಕುಮ ಇಡದೆ ಕಳ್ಸೋಕೆ ಮನಸ್ಸು ಬರ್ಲಿಲ್ಲ ಅಮ್ಮ. ತೊಳೆದ ಲೋಹಕ್ಕೆ ಕುಂಕುಮ ನಿಲ್ಲಲ್ವಲ್ಲ, ಅದಕ್ಕೆ ಒಂದು ಚೂರು ಎಣ್ಣೆ. ಆಮೇಲೆ ನೀಟಾಗಿ ಒರೆಸ್ಬಿಟ್ಟೆ, ಕಣ್ಣಿಗೂ ಕಾಣಲ್ಲ."

ಹುಡುಗಿಗೆ ಫೋನ್ ಮಾಡಿದೆ, ರಿಂಗಾಯಿತು, ಎತ್ತಲಿಲ್ಲ. ಜೋಡಿಸುವ ಕೋಣೆಗೆ ಹೋಗುವಾಗ ಅವರು ಫೋನನ್ನು ಹೊರಗಿಟ್ಟು ಹೋಗುತ್ತಾರೆ ಅನ್ನುವುದು ನನಗೆ ಗೊತ್ತಿತ್ತು. ಆಫೀಸಿನ ನಂಬರಿಗೆ ಮಾಡಿದರೆ ಶನಿವಾರ ರಜೆ ಅಂತ ರೆಕಾರ್ಡಿಂಗ್. ಪೀಣ್ಯಕ್ಕೆ ಹೋಗಿದ್ದ ಅಣ್ಣನಿಗೆ ಮಾಡಿದೆ.

"ಒರೆಸಿದಾರಲ್ಲ, ಏನಾಗಲ್ಲ ಬಿಡು," ಅಂದ. "ಈಗ ಹೇಳಿದ್ರೆ ಆರ್ಡರ್ ಸೀದಾ ಆ ದೊಡ್ಡ ವರ್ಕ್‌ಶಾಪಿನವರ ಪಾಲಿಗೆ ಹೋಗುತ್ತೆ ಕಣೇ. ಸುಮ್ನಿರು, ನಾನು ಬರ್ತೀನಿ."

"ನೀನು ಬರೋ ಹೊತ್ತಿಗೆ ಆಕ್ಸಿಜನ್ ಬಿಟ್ಟಿರ್ತಾರೆ," ಅಂತ ಫೋನ್ ಇಟ್ಟೆ.

ಮೇಸ್ತ್ರಿಯನ್ನು ಹಿಂದೆ ಕೂರಿಸಿಕೊಂಡು ಸ್ಕೂಟರ್ ಹತ್ತಿದೆ. ಚಾರ್ಜ್ ಶೇಕಡಾ ಹತ್ತೊಂಬತ್ತು ತೋರಿಸುತ್ತಿತ್ತು. ಹಿಂದಿನ ದಿನ ಊಟದ ಅಮಲಿನಲ್ಲಿ ಚಾರ್ಜಿಗೆ ಹಾಕುವುದನ್ನೂ ಮರೆತಿದ್ದೆ. ಸುಮನಹಳ್ಳಿಯಲ್ಲಿ ರಿಂಗ್ ರೋಡಿಗೆ ತಿರುಗುವ ಕಡೆ ಗಾಡಿಗಳು ಕದಲದೆ ನಿಂತಿದ್ದವು, ಅದಕ್ಕೆ ಮಾಗಡಿ ರೋಡಿನಲ್ಲೇ ಮುಂದೆ ಹೋಗಿ ಹೇರೋಹಳ್ಳಿ ಒಳಗಿಂದ ಉಲ್ಲಾಳಕ್ಕೆ ಬೀಳೋಣ ಅಂತ ತಿರುಗಿಸಿದೆ. ಅಲ್ಲಿ ಪೈಪಿಗೆ ಅಂತ ರಸ್ತೆ ಅಗೆದು ಹಾಗೇ ಬಿಟ್ಟಿದ್ದರು. ಇಬ್ಬರ ಭಾರಕ್ಕೆ, ಹಳ್ಳ ದಿಣ್ಣೆಗೆ, ಹದಿನಾಲ್ಕು, ಹನ್ನೊಂದು ಅಂತ ಅಂಕಿ ಇಳಿಯುತ್ತಿತ್ತು. ನನ್ನ ಕಣ್ಣು ರಸ್ತೆಯ ಮೇಲೆ ಎಷ್ಟಿತ್ತೋ ಆ ಅಂಕಿಯ ಮೇಲೂ ಅಷ್ಟೇ ಇತ್ತು.

ಉಲ್ಲಾಳದ ಬಸ್‌ಸ್ಟಾಪ್ ದಾಟಿದ ಮೇಲೆ ಕೇಳಿದೆ, "ನಂಬರ್ ಒಂದಕ್ಕೆ ತಾನೇ ಹಚ್ಚಿದ್ದು?"

ಮತ್ತೆ ಕೇಳಿದೆ.

"ಹನ್ನೆರಡಕ್ಕೂ ಹಚ್ಚಿದೆ ಅಮ್ಮ."

ಸ್ಕೂಟರನ್ನು ಪಕ್ಕಕ್ಕೆ ನಿಲ್ಲಿಸಿದೆ.

"ಬುಷ್ ಆದ್ರೆ ಒಂದಕ್ಕೆ ಸಾಕು," ಅಂದರು, ನನ್ನ ಬೆನ್ನ ಹಿಂದಿನಿಂದ. "ಇವು ಅಷ್ಟು ಮೇಲಕ್ಕೆ ಹೋಗೋವು. ಒಂದಕ್ಕೆ ಇಟ್ಟು ಹನ್ನೊಂದನ್ನ ಹಂಗೇ ಕಳ್ಸೋಕಾಗ್ಲಿಲ್ಲ."

ಒಂದೇ ಆಗಿದ್ದರೆ ಅದೊಂದನ್ನು ತೆಗೆಸಿ ಉಳಿದದ್ದನ್ನು ಉಳಿಸಿಕೊಳ್ಳಬಹುದು ಅನ್ನುವ ಲೆಕ್ಕಾಚಾರ ನನ್ನ ತಲೆಯಲ್ಲಿ ದಾರಿಯುದ್ದಕ್ಕೂ ನಡೆದಿತ್ತು. ಈಗ ಹೋಗಿ ಹೇಳಿದರೆ ಎಲ್ಲವೂ ಹೋಯಿತು. ವಾಪಸ್ ತಿರುಗಿಸಿಬಿಡಲೇ ಅಂತ ಒಂದು ಗಳಿಗೆ ಅನ್ನಿಸಿದ್ದು ಸುಳ್ಳಲ್ಲ. ಅದನ್ನು ಬರೆಯಲು ನಾಚಿಕೆಯಾಗುತ್ತದೆ, ಆದರೂ ಬರೆಯುತ್ತಿದ್ದೇನೆ. ಆಮೇಲೆ ಪೈಪಿನ ಹತ್ತಿರ ಜನ ನಿಂತಿರುತ್ತಾರೆ ಅಂದ ಆ ಹುಡುಗಿಯ ಮುಖ ನೆನಪಾಗಿ ಆಕ್ಸಿಲರೇಟರ್ ತಿರುಗಿಸಿದೆ.

ಕೆಂಗೇರಿ ದಾಟುವಾಗ ಚಾರ್ಜ್ ಮೂರು ಅಂತ ಇತ್ತು. ಗೇಟಿಗೆ ಅರ್ಧ ಕಿಲೋಮೀಟರ್ ಇರುವಾಗ ಗಾಡಿ ಆಮೆಯಾಯಿತು, ಆಮೇಲೆ ಅದೂ ಇಲ್ಲ. ಮೇಸ್ತ್ರಿ ಇಳಿದು ತಳ್ಳತೊಡಗಿದರು. ಗಾಡಿ ಅಲ್ಲೇ ಬಿಟ್ಟು ಬನ್ನಿ ಅಂದೆ, ಇಬ್ಬರೂ ಓಡಿದೆವು. ಅವರಿಗೆ ಅರವತ್ತೆರಡು, ನನಗೆ ಮಂಡಿನೋವು. ಗೇಟಿನಲ್ಲಿ ಸೆಕ್ಯುರಿಟಿಯವನು ಅಪಾಯಿಂಟ್‌ಮೆಂಟ್ ಕೇಳಿದ. ನನ್ನ ಕೋಪ ಜೀವಮಾನದಲ್ಲಿ ಒಮ್ಮೆ ಕೆಲಸಕ್ಕೆ ಬಂದದ್ದು ಆಗ. ಅವನು ಹೆದರಿ ಒಳಗೆ ಓಡಿದ.

ಹುಡುಗಿ ತಲೆಗೆ ಟೋಪಿ, ಕೈಗೆ ಗ್ಲೌಸ್ ಹಾಕಿಕೊಂಡೇ ಹೊರಗೆ ಬಂದಳು. "ವಾಲ್ವ್‌ಗೆ ಎಣ್ಣೆ ಹತ್ತಿದೆ, ಎಲ್ಲದಕ್ಕೂ. ಆಕ್ಸಿಜನ್ ಬಿಡಬೇಡಿ," ಅಂದೆ. ಅವಳು ಒಂದು ಮಾತೂ ಕೇಳದೆ ತಿರುಗಿ ಓಡಿದಳು. ಒಳಗೆ ಯಾರೋ ನಿಲ್ಲಿಸಿ ನಿಲ್ಲಿಸಿ ಅಂತ ಕೂಗಿದ್ದು ಕೇಳಿಸಿತು. ನಾನು ಗೇಟಿನ ಪಕ್ಕದ ಮಣ್ಣಿನಲ್ಲೇ ಕೂತುಬಿಟ್ಟೆ. ನಾಲ್ಕು ವಾಲ್ವ್ ಆಗಲೇ ಕೂರಿಸಿದ್ದರಂತೆ.

ಅರ್ಧ ಗಂಟೆಯ ನಂತರ ನಮ್ಮಿಬ್ಬರನ್ನೂ ಒಳಗೆ ಕರೆದು ಕೂರಿಸಿದರು. ಹುಡುಗಿಯ ಪಕ್ಕದಲ್ಲಿ ಅವಳ ಮೇಲಧಿಕಾರಿ. ಮೇಜಿನ ಮೇಲೆ ನಾನು ಸಹಿ ಹಾಕಿದ ಹಾಳೆ. ಮೇಸ್ತ್ರಿ ಕುಂಕುಮದ ಕತೆ ಹೇಳಿದರು. ಯಾರೂ ನಗಲಿಲ್ಲ. ಹುಡುಗಿ ಹಾಳೆಯನ್ನು ನನ್ನ ಕಡೆ ಸರಿಸಿ ಕೇಳಿದಳು, "ನೀವು ಅಲ್ಲೇ ನಿಂತಿದ್ರಲ್ರೀ, ನಿಮಗ ಕಾಣಲಿಲ್ಲೇನ್ರೀ?"

ನಾನು ಬಾಯಿ ಬಿಡುವ ಮೊದಲೇ ಮೇಸ್ತ್ರಿ ಅಂದರು, "ಅಮ್ಮ ಅಲ್ಲೇ ಇದ್ರು. ಅವರು ಆ ಕಡೆ ತಿರುಗಿದಾಗ ನಾನು ಕದ್ದು ಹಚ್ಚಿಬಿಟ್ಟೆ."

ನಾನು ಸುಮ್ಮನಿದ್ದೆ. ಹಾಳೆಯ ಮೇಲಿನ ನನ್ನ ಹನ್ನೆರಡು ಸಹಿಗಳನ್ನು ನೋಡುತ್ತಾ ಸುಮ್ಮನಿದ್ದೆ.

ಅಣ್ಣ ಹೆದರಿದ ಹಾಗೆ ಆಗಲಿಲ್ಲ. ಸೋಮವಾರ ಕಂಪನಿಯಿಂದ ಮೇಲ್ ಬಂತು. ತಪ್ಪನ್ನು ತಾವೇ ಓಡಿಬಂದು ಹೇಳುವ ವರ್ಕ್‌ಶಾಪ್ ತಮಗೆ ಬೇಕು, ಹನ್ನೆರಡನ್ನೂ ಹೊಸದಾಗಿ ಮಾಡಿಕೊಡಿ, ಒಂದೇ ಷರತ್ತು, ಕುಂಕುಮ ಹಚ್ಚಿದ ಆ ಮನುಷ್ಯ ತಮ್ಮ ಕೆಲಸ ಮುಟ್ಟಬಾರದು. ಅಣ್ಣ ನನಗೆ ಮೈಸೂರುಪಾಕು ತಂದುಕೊಟ್ಟ. ಮೇಸ್ತ್ರಿಗೆ ಷರತ್ತನ್ನು ಹೇಳಿದವನೂ ಅವನೇ. ಹೊಸ ಹನ್ನೆರಡನ್ನು ಅಣ್ಣ ಬೇರೆ ಹುಡುಗನನ್ನಿಟ್ಟು, ಹೊಸ ಮೆಷಿನ್ ತಂದು ಮಾಡಿಸಿದ. ಮೇಸ್ತ್ರಿ ತಮ್ಮ ಅಳತೆಯ ಸಾಮಾನುಗಳನ್ನು ಎತ್ತಿಕೊಂಡು ಮೂಲೆಯ ಹಳೆಯ ಲೇತಿಗೆ ಹೋದರು. ಅಲ್ಲಿ ಇನ್ನೂ ವಾರಕ್ಕೆರಡು ದಿನ ಬುಷ್ ಕೆಲಸ ಇರುತ್ತಿತ್ತು. ಉಳಿದ ದಿನ ಸುಮ್ಮನೆ ಕೂತಿರುತ್ತಿದ್ದರು. ನನ್ನ ಹತ್ತಿರ ಮೊದಲಿನಂತೆಯೇ ಮಾತಾಡುತ್ತಿದ್ದರು. ಬೈದಿದ್ದರೆ ಎಷ್ಟೋ ಹಗುರವಾಗುತ್ತಿತ್ತು.

ಎರಡು ತಿಂಗಳಾದ ಮೇಲೆ ಎಂಜಿನ್ ಉರಿಸುವ ದಿನ ಅಣ್ಣನನ್ನೂ ನನ್ನನ್ನೂ ಕರೆದರು. ದೂರದಲ್ಲಿ ಸಿಮೆಂಟ್ ಗೋಡೆಯ ಹಿಂದೆ ಕೂರಿಸಿದರು. ಎಣಿಕೆ ಸೊನ್ನೆಗೆ ಬಂದಾಗ ಎದೆಯೊಳಗೇ ಗುಡುಗಿದಂತಾಗಿ ನೀಲಿ ಬೆಂಕಿ ನೇರವಾಗಿ ನಿಂತಿತು. ಇನ್ನೊಂದು ಕಂಪನಿಗಿಂತ ಇವರೇ ಮೊದಲು. ಎಲ್ಲರೂ ತಬ್ಬಿಕೊಂಡರು, ಕೆಲವರು ಅತ್ತರು. ಹುಡುಗಿ ನನ್ನ ಕೈಹಿಡಿದು ಅಲ್ಲಿದ್ದ ದೊಡ್ಡವರ ಮುಂದೆ ನಿಲ್ಲಿಸಿ, "ಅವತ್ತ ಸ್ಕೂಟರ್ ಬಿಟ್ಟ ಓಡಿಬಂದವರು ಇವರ ನೋಡ್ರೀ. ಇಂಥಾ ಪ್ರಾಮಾಣಿಕ ಮಂದಿ ಸಿಗಂಗಿಲ್ರೀ," ಅಂದಳು. ಅವರು ನನಗೆ ಚಪ್ಪಾಳೆ ತಟ್ಟಿದರು.

ನನಗೆ ಅಲ್ಲಿ ನಿಲ್ಲಲಾಗಲಿಲ್ಲ. ಅವಳನ್ನು ಪಕ್ಕಕ್ಕೆ ಕರೆದು ಹೇಳಿದೆ: ಸೀಲ್ ಮಾಡುವಾಗ ನಾನು ಅಲ್ಲಿರಲಿಲ್ಲ, ಸಹಿ ಬೆಳಿಗ್ಗೆಯೇ ಹಾಕಿಟ್ಟಿದ್ದೆ, ಎಣ್ಣೆ ಯಾಕೆ ತಾಗಬಾರದು ಅಂತ ಮೇಸ್ತ್ರಿಗೆ ತಿಳಿಸಿಯೂ ಇರಲಿಲ್ಲ, ಅವರು ನನಗಾಗಿ ಸುಳ್ಳು ಹೇಳಿದರು.

ಅವಳು ಕೇಳಿದಳು, "ಅವತ್ತ ಯಾಕ ಹೇಳಲಿಲ್ರೀ?"

"ಹೆದರಿದೆ," ಅಂದೆ.

"ಈಗ ನಿಮ್ಮ ಯಾವ ಸಹಿ ನಂಬಬೇಕ್ರೀ ನಾವು?" ಅಂದಳು. ಸಿಟ್ಟಿನಿಂದಲ್ಲ, ನಿಜಕ್ಕೂ ತಿಳಿಯದೆ ಕೇಳಿದಳು.

ಮುಂದಿನ ಆರ್ಡರ್ ಆ ದೊಡ್ಡ ವರ್ಕ್‌ಶಾಪಿಗೆ ಹೋಯಿತು. ಅಣ್ಣ ನನ್ನ ಜೊತೆ ಮಾತು ಬಿಟ್ಟ. ಹೊಸ ಮೆಷಿನ್ನಿನ ಮೇಲೆ ಹೊದಿಕೆ ಬಿತ್ತು. ಆ ವಾರವೇ ನಾನು ಮೇಸ್ತ್ರಿಯ ಲೇತ್ ಹತ್ತಿರ ಹೋಗಿ ನಿಂತು, ನಿಮ್ಮ ತಪ್ಪೇನೂ ಇಲ್ಲ ಅಂತ ಕಂಪನಿಯವರಿಗೆ ಎಲ್ಲ ಹೇಳಿಬಿಟ್ಟೆ ಅಂದೆ. ಅವರು ಸಮಾಧಾನಪಡುತ್ತಾರೆ ಅಂತ ನನ್ನ ಎಣಿಕೆಯಾಗಿತ್ತು, ಸುಳ್ಳು ಯಾಕೆ ಹೇಳಲಿ.

ಅವರು ಲೇತ್ ನಿಲ್ಲಿಸಿ, ಕೈ ಒರೆಸಿಕೊಂಡು ನನ್ನ ಮುಖ ನೋಡಿದರು.

"ಅವತ್ತು ಹೇಳಿದ್ರೆ ನನಗೋಸ್ಕರ ಆಗ್ತಿತ್ತು ಅಮ್ಮ. ಇವತ್ತು ಹೇಳಿದ್ದು ನಿಮಗೋಸ್ಕರ," ಅಂದರು. "ಶೆಡ್ಡಿಗೆ ಇದ್ದ ಕೆಲಸಾನೂ ಹೋಯ್ತು."

ಆಮೇಲೆ ಇನ್ನೂ ಏಳು ಬುಷ್ ಬಾಕಿ ಇದೆ, ಪಕ್ಕಕ್ಕೆ ನಿಂತುಕೊಳ್ಳಿ ಅಂತ ಹೇಳಿ ಸ್ವಿಚ್ ಹಾಕಿದರು.