ಪಾಟಿ ಮಗಳ ಮನೆಗೆ ಹೋದ ಭಾನುವಾರ

ಮೂರು ವರ್ಷದ ಹಿಂದಿನ ಮಾತು. ನಾನು ಚೆನ್ನೈಯ ಗಿಂಡಿಯಲ್ಲಿ ಎಂ.ಟೆಕ್. ಓದುತ್ತಿದ್ದೆ. ಪೊಂಗಲ್ ರಜೆ ಮುಗಿದು ಹಾಸ್ಟೆಲ್ ಮತ್ತೆ ತುಂಬಿದ ವಾರ ಅದು. ಕುಂದಾಪುರದ ನಮ್ಮ ಮನೆಯವರ ಲೆಕ್ಕದಲ್ಲಿ ಚೆನ್ನೈ ಅಂದರೇ ಪರದೇಶ. ಅಲ್ಲಿಯ ಬಿಸಿಲು, ಅಲ್ಲಿಯ ಭಾಷೆ, ನಾನು ಅಲ್ಲಿ ಏನು ತಿನ್ನುತ್ತೇನೋ ಎಂದು ಅಮ್ಮ ದಿನಾ ಫೋನಿನಲ್ಲಿ ಕೊರಗುತ್ತಿದ್ದರು. ಆದರೆ ನನ್ನ ಅಕ್ಕಪಕ್ಕದ ರೂಮಿನವರು ನಿಜವಾಗಿ ಪರದೇಶದಿಂದ ಓದಲು ಬಂದವರು. ಎಡಗಡೆ ಜುಹೂರಾ, ಆಫ್ರಿಕಾದ ಜಾಂಜಿಬಾರ್ ದ್ವೀಪದವಳು. ಬಲಗಡೆ ಪೇಮಾ, ಭೂತಾನದವಳು. ನಾವು ಮೂವರೂ ಒಂದೇ ಕ್ಲಾಸು, ಒಂದೇ ಮೆಸ್ಸು, ಒಂದೇ ಬಕೆಟ್ಟಿಗೆ ಜಗಳ.

ಪೇಮಾ ಹೇಗೋ ಹೊಂದಿಕೊಂಡಿದ್ದಳು. ಅವಳಿಗೆ ಹಸಿಮೆಣಸಿನಕಾಯಿ ಸಿಕ್ಕರೆ ಸಾಕು, ಮೊಸರನ್ನಕ್ಕೂ ಅದೇ, ಬಿಸ್ಕತ್ತಿಗೂ ಅದೇ. ಜುಹೂರಾ ಮಾತ್ರ ದಿನದಿಂದ ದಿನಕ್ಕೆ ಇಳಿದುಹೋಗುತ್ತಿದ್ದಳು. ಮೆಸ್ಸಿನ ಸಾಂಬಾರು ಕಂಡರೆ ತಟ್ಟೆ ದೂಡಿ ಏಳುತ್ತಿದ್ದಳು. ಗುರುವಾರ ಸಂಜೆ ನನ್ನ ಮಂಚದ ಮೇಲೆ ಕೂತು, ತಾನು ಓದು ಬಿಟ್ಟು ಊರಿಗೆ ಹೋಗುವುದಾಗಿ ಹೇಳಿದಳು. ಪ್ರತಿ ಭಾನುವಾರ ಅವಳು ಅಮ್ಮನಿಗೆ ವಿಡಿಯೋ ಕಾಲ್ ಮಾಡುತ್ತಿದ್ದಳು. ಈ ಭಾನುವಾರ ಅದನ್ನು ಅಮ್ಮನಿಗೆ ತಿಳಿಸಿಬಿಡುತ್ತಾಳಂತೆ.

ಮಾರ್ಕ್ಸು ಚೆನ್ನಾಗಿಯೇ ಬಂದಿದೆಯಲ್ಲೇ, ಮತ್ತೇನು ಕಷ್ಟ ಅಂತ ನಾನು ರೇಗಿದೆ. ನನಗೆ ಸಿಟ್ಟು ಬೇಗ, ಅದರಲ್ಲೂ ಬೇಜಾರಾದಾಗ ಇನ್ನೂ ಬೇಗ. ಅವಳು ಮಾತ್ರ ಸಮಾಧಾನದಿಂದಲೇ ಹೇಳಿದಳು: "ಬಂದು ಆರು ತಿಂಗಳಾಯಿತು. ಕ್ಲಾಸು ನೋಡಿದೆ, ಮಾಲ್ ನೋಡಿದೆ, ಟ್ರಾಫಿಕ್ಕೂ ನೋಡಿದೆ. ರಸ್ತೆಯಲ್ಲಿ ನನ್ನ ಜೊತೆ ಸೆಲ್ಫಿ ಕೇಳುತ್ತಾರೆ. ಯಾರೂ ಮನೆಗೆ ಬಾ ಅನ್ನಲಿಲ್ಲ."

ಹೋಗುವುದಾದರೆ ಹೋಗು ಮಾರಾಯ್ತಿ, ಅದಕ್ಕೆ ಮೊದಲು ಈ ಶನಿವಾರ, ಭಾನುವಾರ ನಮ್ಮ ಜೊತೆ ಟೂರ್ ಬರಬೇಕು ಎಂದು ಹಟ ಹಿಡಿದೆ. ಟೂರ್ ಎಲ್ಲಿಗೆ? ಚೆನ್ನೈಯಿಂದ ಚೆನ್ನೈಗೆ. ಎಗ್ಮೋರಿನಲ್ಲಿ ನನ್ನ ಸೋದರತ್ತೆ ಜಲಜತ್ತೆಯ ಮನೆಯಿತ್ತು, ಅಲ್ಲೇ ರಾತ್ರಿ ವಸತಿ. ಗಿಂಡಿಯಿಂದ ಎಗ್ಮೋರಿಗೆ ಲೋಕಲ್ ಟ್ರೈನಿನಲ್ಲಿ ಟೂರ್ ಹೊರಟವರು ಭೂಮಿ ಮೇಲೆ ನಾವು ಮೂವರೇ ಇರಬೇಕು ಅಂತ ಹಾಸ್ಟೆಲಿನವರೆಲ್ಲ ನಕ್ಕರು.

ಶನಿವಾರ ಮ್ಯೂಸಿಯಂ ನೋಡಿದೆವು. ಜುಹೂರಾ ನಮ್ಮ ಹಿಂದೆ ಹಿಂದೆ ಬಂದಳು ಅಷ್ಟೆ. ಸಂಜೆ ಅತ್ತೆಯ ಮನೆಯ ಬಾಗಿಲಲ್ಲಿ ಚಪ್ಪಲಿ ಬಿಟ್ಟು, ಒಳಗೆ ಬರಬಹುದೇ ಎಂದು ನನ್ನ ಮುಖ ನೋಡಿದಳು. ಅತ್ತೆ ಕೈ ಹಿಡಿದೇ ಒಳಗೆ ಕರೆದುಕೊಂಡರು. ರಾತ್ರಿ ನೀರ್‌ದೋಸೆ ಬಡಿಸಿದರು. ಜುಹೂರಾ ಚೆನ್ನಾಗಿದೆ ಆಂಟಿ ಎನ್ನುತ್ತಲೇ ಒಂದೂವರೆ ತಿಂದು ಕೈ ತೊಳೆದಳು. ಅತ್ತೆಗೆ ಅನುಮಾನ ಬಂದು ನನ್ನನ್ನು ಅಡಿಗೆಮನೆಗೆ ಕರೆದು ಕೇಳಿದರು. ನಾನು ಎಲ್ಲವನ್ನೂ ಹೇಳಿದೆ.

ಇಲ್ಲಿ ಅತ್ತೆ ಮಾವನ ಒಂದು ಗುಟ್ಟು ಹೇಳಬೇಕು. ಮಾವ ಎಗ್ಮೋರಿನ ಒಂದು ಸಸ್ಯಾಹಾರಿ ಹೋಟೆಲಿನಲ್ಲಿ ಸಪ್ಲೈಯರ್ ಆಗಿ ಸೇರಿ ಮ್ಯಾನೇಜರ್ ಆದವರು. ನಮ್ಮ ಕಡೆಯ ಎಷ್ಟೋ ಜನ ಹಾಗೆಯೇ, ಹೋಟೆಲಿನಲ್ಲಿ ಇಡ್ಲಿ ಸಾಂಬಾರು, ಮನೆಯಲ್ಲಿ ಬಂಗುಡೆ ಸಾರು. ಆದರೆ ಮನೆ ಬಾಡಿಗೆಗೆ ಕೇಳಲು ಹೋದಾಗ ಮಹಡಿ ಮೇಲಿನ ಓನರ್ ಪಾಟಿ, ಅಂದರೆ ತಮಿಳು ಅಜ್ಜಿ, ಉಡುಪಿ ಹೋಟೆಲಿನವರು ಎಂದು ಕೇಳಿದ್ದೇ ತಡ, ಇವರು ಶುದ್ಧ ಸಸ್ಯಾಹಾರಿಗಳೆಂದು ತಾವೇ ತೀರ್ಮಾನಿಸಿ ಕೀಲಿಕೈ ಕೊಟ್ಟರು. ಮಾವ ಬಾಯಿ ಬಿಡಲಿಲ್ಲ. ಅಂದಿನಿಂದ ಆ ಮನೆಯಲ್ಲಿ ಮೀನಿನ ಸುದ್ದಿಯೇ ಇಲ್ಲ. ಬಾಯಿ ಕೆಟ್ಟಾಗ ರಾಯಪುರಂನಲ್ಲಿದ್ದ ಸ್ನೇಹಿತರ ಮನೆಗೆ ಹೋಗಿ ಉಂಡು ಬರುತ್ತಿದ್ದರು.

ಭಾನುವಾರ ಬೆಳಗಿನ ಜಾವ ಮಾವ ನಮ್ಮನ್ನು ಕಾಸಿಮೇಡಿನ ಮೀನು ಬಂದರಿಗೆ ಕರೆದುಕೊಂಡು ಹೋದರು. ಬರೀ ನೋಡುವುದಕ್ಕೆ ಅಂತಲೇ ಹೊರಟಿದ್ದು. ಜುಹೂರಾ ಚೆನ್ನೈಗೆ ಬಂದ ಮೇಲೆ ಸಮುದ್ರದ ಕಡೆ ಹೋಗಿಯೇ ಇರಲಿಲ್ಲ, ಅಳು ಬರುತ್ತದೆ ಅನ್ನುತ್ತಿದ್ದಳು. ಊರಿಗೆ ಬಂದವಳು ನೀರಿಗೆ ಬಾರದಿರುತ್ತಾಳೆಯೇ ಎಂದು ನಾನೇ ಎಳೆದುಕೊಂಡು ಬಂದಿದ್ದೆ.

ಬಂದರಿನಲ್ಲಿ ಆಗಲೇ ಜಾತ್ರೆಯಷ್ಟು ಜನ. ದೋಣಿಯಿಂದ ಬುಟ್ಟಿ ಬುಟ್ಟಿ ಮೀನು ಇಳಿಯುತ್ತಿತ್ತು, ಹರಾಜು ಕೂಗುವವರ ಗಂಟಲು ಹರಿದುಹೋಗುವಂತಿತ್ತು. ಪೇಮಾ ಸಮುದ್ರ ಕಂಡಿದ್ದೇ ಅಂದು ಮೊದಲು. ಆ ಕಡೆಯ ದಡ ಎಲ್ಲಿ ಅಂತ ಕೇಳಿದಳು. ಅದಕ್ಕೆ ಜುಹೂರಾ ದಕ್ಷಿಣಕ್ಕೆ ಕೈ ತೋರಿಸಿ, ಹೀಗೇ ಹೋಗಿ ಇಂಡಿಯಾದ ತುದಿ ಸುತ್ತಿ ಬಲಕ್ಕೆ ತಿರುಗಿದರೆ ಇವಳ ಊರು ಕುಂದಾಪುರ, ತಿರುಗದೆ ನೇರ ಹೋದರೆ ನಮ್ಮೂರು ಎಂದಳು. ಅಳಲಿಲ್ಲ. ಅವಳು ತಾನಾಗಿ ಇಷ್ಟು ಮಾತಾಡಿದ್ದು ಕೇಳಿ ಎಷ್ಟು ದಿನವಾಗಿತ್ತೋ!

ಅಷ್ಟರಲ್ಲಿ ಅವಳ ಕಣ್ಣಿಗೆ ಅಂಜಲ್ ಮೀನು ಬಿತ್ತು. "ನ್ಗೂರು!" ಎಂದು ಚೀರಿ ಒಂದೇ ಓಟ. ಅವಳ ಭಾಷೆಯಲ್ಲಿ ಅದರ ಹೆಸರಂತೆ. ನಾವು ತಲುಪುವಷ್ಟರಲ್ಲಿ ಮೀನಿನ ಕಿವಿರು ಎತ್ತಿ ನೋಡಿ, ಬೆರಳಲ್ಲಿ ಒತ್ತಿ, ಮೀನು ಮಾರುವ ಅಮ್ಮನೊಂದಿಗೆ ಕೈಸನ್ನೆಯಲ್ಲೇ ಚೌಕಾಸಿ ಮುಗಿಸಿ ಬಿಟ್ಟಿದ್ದಳು. ಮೊಳದುದ್ದದ ಮೀನನ್ನು ಕಾಗದದಲ್ಲಿ ಸುತ್ತಿಸಿ ಎದೆಗವಚಿಕೊಂಡು, ಇವತ್ತು ನಿಮಗೆಲ್ಲ ನನ್ನ ಅಡಿಗೆ ಎಂದಳು. ಮುಖದಲ್ಲಿ ಆ ನಗು! ಮಾವನಿಗೆ ಬಿಸಿತುಪ್ಪ ಬಾಯಲ್ಲಿಟ್ಟ ಹಾಗಾಯಿತು. ನನ್ನ ಕಿವಿಯಲ್ಲಿ, "ಹೆಣೆ, ಮೀನ್ ತಕಂಡ್ ಆ ಮನಿಗೆ ಹೋಪುಕಾತಿಲ್ಲೆ" ಅಂದರು, ಹೋಗುವ ಹಾಗಿಲ್ಲ ಅಂತ. ಆದರೆ ಅವಳಿಗೆ ಹೇಳುವ ಧೈರ್ಯ ಇಬ್ಬರಿಗೂ ಬರಲಿಲ್ಲ. ಆಟೋದಲ್ಲಿ ಮೀನು ಅವಳ ತೊಡೆಯ ಮೇಲೆ, ಅದರ ಬಾಲ ಪೇಮಾಳ ತೊಡೆಯ ಮೇಲೆ. ಪೇಮಾ ಕಣ್ಣು ಮುಚ್ಚಿಕೊಂಡು ಏನೋ ಮಂತ್ರ ಹೇಳುತ್ತಿದ್ದಳು.

ಮನೆಗೆ ಬಂದು ಮಾವ ಹಿತ್ತಲ ಬಾಗಿಲಿನಿಂದ ಕಳ್ಳನ ಹಾಗೆ ಮೀನು ಒಳಗೆ ತಂದರು. ರಾಯಪುರಂಗೆ ಹೋಗಿ ಅಲ್ಲಿ ಮಾಡೋಣ ಎಂದು ಅತ್ತೆಗೆ ಪಿಸುಗುಟ್ಟಿದರು. ಅತ್ತೆ ಒಪ್ಪಲಿಲ್ಲ. ಪಿಸುಗುಟ್ಟಲೂ ಇಲ್ಲ.

"ಮನಿ ಬಿಡಿ ಅಂದ್ರೆ ಬಿಡುವ. ಚೆನ್ನೈಯಂಗೆ ಬೇರೆ ಮನಿ ಇಲ್ದಾ? ಈ ಹೆಣ್ಣ್ ಆರ್ ತಿಂಗ್ಳಿಂದ ಒಬ್ರ ಮನಿಯಂಗೂ ಕೂಕಂಡ್ ಹೊಟ್ಟೆ ತುಂಬ ಉಣ್ಲಿಲ್ಲೆ ಅಂಬ್ರ್. ನಮ್ಮನಿಗೆ ಬಂದೂ ಹಂಗೇ ಹೋಪ್ದಾ?"

ಮಾವ ಚಾಕು ಹುಡುಕಲು ಹೋದರು. ಅತ್ತೆ ಕಾಯಿ ಒಡೆದು, ಮೂಲೆಯಿಂದ ಕಾಯಿ ಹೆರೆಯುವ ಮಣೆ ತೆಗೆದು ಹಿತ್ತಲ ಜಗಲಿಯಲ್ಲಿಟ್ಟರು. ಅದನ್ನು ಕಂಡು ಜುಹೂರಾ ನಿಂತಲ್ಲೇ ನಿಂತಳು. ಆಮೇಲೆ ಯಾರನ್ನೂ ಕೇಳದೆ ಅದರ ಮೇಲೆ ಕೂತು, ಎರಡೂ ಕೈಯಲ್ಲಿ ಕಡಿ ಹಿಡಿದು ಕರಕರ ಕಾಯಿ ಹೆರೆಯತೊಡಗಿದಳು. ಕೂತ ಭಂಗಿ, ಕಡಿ ತಿರುಗಿಸುವ ರೀತಿ ಎಲ್ಲ ನಮ್ಮ ಕುಂದಾಪುರದವರದ್ದೇ. ಅವಳ ಅಮ್ಮನ ಅಡಿಗೆಮನೆಯಲ್ಲೂ ಇಂಥದ್ದೇ ಇದೆಯಂತೆ, ಅದನ್ನು ಅವರ ಭಾಷೆಯಲ್ಲಿ ಆಡು, ಅಂದರೆ ಮೇಕೆ, ಎಂದು ಕರೆಯುತ್ತಾರಂತೆ. ನಾನು ಅತ್ತೆಗೆ ಅದನ್ನು ಕನ್ನಡದಲ್ಲಿ ಹೇಳಿದೆ.

"ಆಡಾ? ಒದಿತಿಲ್ಲೆ ಅಲ್ದಾ?" ಎಂದರು ಅತ್ತೆ.

ಇದನ್ನು ಇಂಗ್ಲಿಷಿಗೆ ತಿರುಗಿಸಿ ಹೇಳಿದ್ದೇ, ಜುಹೂರಾ ಬಿದ್ದು ಬಿದ್ದು ನಕ್ಕಳು. ನಗುತ್ತಾ ನಗುತ್ತಾ ಕಣ್ಣಲ್ಲಿ ನೀರು. ಅದನ್ನು ಮೊಣಕೈಯಲ್ಲಿ ಒರೆಸಿಕೊಂಡು ಮತ್ತೆ ಕಾಯಿ ಹೆರೆದಳು. ತನ್ನ ಭಾಷೆಯ ಯಾವುದೋ ಹಾಡು ಗುನುಗತೊಡಗಿದಳು. ಪೇಮಾ ತಾಳ ಹಾಕಿದಳು. ನನಗೆ ಹಬ್ಬದ ಮನೆಯಲ್ಲಿದ್ದ ಹಾಗೆ ಅನ್ನಿಸಿತು.

ಆ ಗದ್ದಲದಲ್ಲಿ ಪಾಟಿ ಮೆಟ್ಟಿಲಿಳಿದು ಬಂದದ್ದು ಯಾರಿಗೂ ಗೊತ್ತಾಗಲಿಲ್ಲ. ಕರಿಬೇವು ಕೊಯ್ಯಲು ಬಂದಿದ್ದರು. ತಿರುಗಿ ನೋಡಿದರೆ ನಿಂತಿದ್ದಾರೆ! ಎದುರಿಗೇ ಕಲ್ಲಿನ ಮೇಲೆ ತುಂಡು ಮಾಡಿಟ್ಟ ಮೀನು, ಪಕ್ಕದಲ್ಲಿ ಚಾಕು ಹಿಡಿದ ಮಾವ. ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಎಂಬತ್ತರ ಹತ್ತಿರದ ಮುದುಕಿ, ಮೂಗಿನಲ್ಲಿ ಎರಡೂ ಕಡೆ ವಜ್ರದ ಬೇಸರಿ, ಇಡೀ ಬೀದಿಯೇ ಹೆದರುತ್ತಿದ್ದ ಹೆಂಗಸು.

ಅತ್ತೆಯೇ ಮುಂದೆ ಬಂದು ತಮಿಳಿನಲ್ಲಿ ಇದ್ದದ್ದನ್ನು ಇದ್ದ ಹಾಗೆ ಹೇಳಿದರು. ಹೌದು ಪಾಟಿ, ಮೀನೇ. ನಾವು ತಿನ್ನುವವರೇ, ನಿಮಗೆ ಹೇಳದೇ ಇದ್ದದ್ದು ತಪ್ಪು. ಈ ಹುಡುಗಿ ಬಹಳ ದೂರದವಳು, ಊಟ ಸೇರುತ್ತಿಲ್ಲ, ಓದು ಬಿಟ್ಟು ಹೊರಟಿದ್ದಾಳೆ. ಇವತ್ತೊಂದು ದಿನ ಉಂಡು ಹೋಗಲಿ, ಆಮೇಲೆ ಮನೆ ಖಾಲಿ ಮಾಡಿ ಅಂದರೂ ಮಾಡುತ್ತೇವೆ.

ಪಾಟಿ ಜುಹೂರಾಳನ್ನು ನೋಡಿದರು. ಅವಳು ಕಾಯಿಯ ಕಡಿ ಹಿಡಿದುಕೊಂಡೇ ಎದ್ದು ನಿಂತಿದ್ದಳು.

"ಸಾಪ್ಟಿಯಾ?" ಎಂದು ಕೇಳಿದರು ಪಾಟಿ. ಊಟ ಆಯಿತಾ ಅಂತ.

ಮೆಸ್ಸಿನ ದಯೆಯಿಂದ ಜುಹೂರಾಳಿಗೆ ಅಷ್ಟು ತಮಿಳು ಬರುತ್ತಿತ್ತು. "ಇಲ್ಲೈ ಪಾಟಿ" ಎಂದಳು.

ಪಾಟಿ ಕರಿಬೇವನ್ನೂ ಕೊಯ್ಯದೆ ಮಹಡಿ ಹತ್ತಿ ಹೋದರು. ಮೇಲೆ ಬೀರು ತೆರೆದ ಸದ್ದು ಕೇಳಿತು. ಮಾವ ಚಾಕು ಕೆಳಗಿಟ್ಟು, ಬಾಡಿಗೆ ಕರಾರು ಮುಖದ ಮೇಲೆ ಬೀಳುತ್ತದೆ ಎಂದರು. ಸ್ವಲ್ಪ ಹೊತ್ತಿಗೆ ಪಾಟಿ ಮತ್ತೆ ಇಳಿದು ಬಂದರು. ಬೇರೆ ಸೀರೆ ಉಟ್ಟು, ಕೈಯಲ್ಲಿ ಬಟ್ಟೆಯ ಚೀಲ, ಕೊಡೆ.

"ನಾನ್ ಪೊಣ್ಣು ವೀಟ್ಟುಕ್ಕು ಪೋರೇನ್. ಸಾಯಂದರಂ ತಾನ್ ವರುವೇನ್." ಮಗಳ ಮನೆಗೆ ಹೋಗುತ್ತೇನೆ, ಸಂಜೆಗೇ ಬರುವುದು ಎಂದರು. ಬರುವಷ್ಟರಲ್ಲಿ ಹಿತ್ತಲು ತೊಳೆದು ಕಿಟಕಿಯೆಲ್ಲ ತೆರೆದಿರಬೇಕು ಎಂದು ಅತ್ತೆಗೆ ಗದರಿದರು. ಹೋಗುವಾಗ ಜುಹೂರಾಳ ಗಲ್ಲ ಮುಟ್ಟಿ, ಚೆನ್ನಾಗಿ ತಿನ್ನು ಅಂದರು. ಅವರು ಗೇಟು ದಾಟಿದ ಮೇಲೆ ಮಾವ ಕುಣಿದ ಕುಣಿತವನ್ನು ನೀವು ನೋಡಬೇಕಿತ್ತು.

ಅಂದು ಎರಡು ಪಾತ್ರೆಯಲ್ಲಿ ಅಡಿಗೆಯಾಯಿತು. ಅತ್ತೆಯದು ಮೆಣಸು, ಕೊತ್ತಂಬರಿ, ಹುಣಸೆಹಣ್ಣು ಅರೆದು ಹಾಕಿದ ಕೆಂಪು ಸಾರು. ಜುಹೂರಾಳದ್ದು ಕಾಯಿಹಾಲಿನಲ್ಲಿ ಬೆಂದು ನಿಂಬೆರಸ ಬಿದ್ದ ಹಳದಿ ಸಾರು. ಪೇಮಾ ಯಾರಿಗೂ ಕಾಣದಂತೆ ಎರಡಕ್ಕೂ ಹಸಿಮೆಣಸು ಹಾಕಿದ್ದಳು. ಬಾಳೆಲೆಯಲ್ಲಿ ಕುಚ್ಚಲಕ್ಕಿ ಅನ್ನ. ಜುಹೂರಾ ಅತ್ತೆಯ ಸಾರಿಗೆ ಮತ್ತೆ ಮತ್ತೆ ಅನ್ನ ಹಾಕಿಸಿಕೊಂಡಳು, ಅತ್ತೆ ಜುಹೂರಾಳ ಸಾರಿಗೆ. ಮಾವ ತಲೆ ಎತ್ತಲೇ ಇಲ್ಲ.

ಕೈ ತೊಳೆಯುವ ಹೊತ್ತಿಗೆ ಜುಹೂರಾಳ ಅಮ್ಮನ ಕಾಲ್ ಬಂತು. ಅಯ್ಯೋ, ಇವತ್ತು ಭಾನುವಾರ! ಜುಹೂರಾ ಅಮ್ಮನಿಗೆ ಮಣೆ ತೋರಿಸಿದಳು, ಪಾತ್ರೆ ತೋರಿಸಿದಳು, ಅತ್ತೆಯನ್ನು ಎಳೆದು ಪರದೆಯ ಮುಂದೆ ನಿಲ್ಲಿಸಿದಳು. ಇವರು ಕುಂದಾಪುರ ಕನ್ನಡ, ಅವರು ಸ್ವಾಹಿಲಿ. ಇಬ್ಬರೂ ಒಟ್ಟೊಟ್ಟಿಗೆ ಮಾತಾಡಿ, ಇಬ್ಬರೂ ತಲೆಯಾಡಿಸಿದರು. ಆಮೇಲೆ ಜುಹೂರಾ ಫೋನು ಹಿಡಿದು ಹಿತ್ತಲಿಗೆ ಹೋದಳು. ಬಹಳ ಹೊತ್ತು ಒಬ್ಬಳೇ ಮಾತಾಡಿದಳು. ಪೇಮಾ ನನ್ನ ಕೈಯನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಭಾಷೆಯ ಒಂದಕ್ಷರ ನಮಗೆ ತಿಳಿಯದು.

ಬಂದ ಮೇಲೆ ತಡೆಯಲಾರದೆ ಕೇಳಿದೆ, "ಹೇಳಿದೆಯಾ?"

"ಹೇಳಿದೆ."

ನನ್ನ ಮುಖ ಸಪ್ಪಗಾಯಿತು. ಅವಳೇ ನನ್ನ ಪಕ್ಕ ಬಂದು ಕೂತಳು.

"ಮುಂದಿನ ವರ್ಷ ನನ್ನ ಕಾನ್ವೊಕೇಶನ್‌ಗೆ ಬರುವಾಗ ಈ ಆಂಟಿಗೆ ನಮ್ಮೂರಿನ ಲವಂಗ ತಗೊಂಡು ಬಾ ಅಂತ ಹೇಳಿದೆ."

ನಾನು ಗಟ್ಟಿ ಹೆಂಗಸು ಎಂದು ಹಾಸ್ಟೆಲಿನಲ್ಲೆಲ್ಲ ಹೆಸರಿತ್ತು. ಆ ಹೆಸರನ್ನು ಅಲ್ಲೇ ಬಿಟ್ಟು, ಅವಳನ್ನು ತಬ್ಬಿಕೊಂಡು ಗೊಳೋ ಎಂದು ಅತ್ತುಬಿಟ್ಟೆ. ಅತ್ತೆ ಹೆದರಿ ಎಂತಾಯ್ತು ಎಂತಾಯ್ತು ಅಂತ ಓಡಿ ಬಂದರು. ಅವರಿಗೆ ವಿಷಯ ಹೇಳುವಷ್ಟರಲ್ಲಿ ಅವರದೂ ಅಳು ಶುರುವಾಗಿತ್ತು. ಆಮೇಲೆ ಎಲ್ಲರೂ ಸೇರಿ ಹಿತ್ತಲು ತೊಳೆದೆವು. ಸಂಜೆ ಬಂದ ಪಾಟಿ ಒಂದು ಸಲ ಮೂಗು ಎಳೆದುಕೊಂಡು, ಬೆಳಿಗ್ಗೆ ಬಿಟ್ಟುಹೋಗಿದ್ದ ಕರಿಬೇವು ಕೊಯ್ದು ಮೇಲೆ ಹೋದರು.

ಆಮೇಲೆ ಎಷ್ಟೋ ಊರು ಸುತ್ತಿದ್ದೇನೆ. ಅಂಥ ಟೂರು ಇನ್ನೊಂದಾಗಲಿಲ್ಲ. ಈಗ ನಾನು ಕೆಲಸ ಮಾಡುವಲ್ಲಿಗೆ ಹೊರಗಿನಿಂದ ಯಾರೇ ಹೊಸಬರು ಬರಲಿ, ನಮ್ಮೂರು ಹೇಗಿದೆ ಅಂತ ನಾನು ಕೇಳುವುದಿಲ್ಲ. ಈ ಭಾನುವಾರ ಮನೆಗೆ ಬನ್ನಿ ಅನ್ನುತ್ತೇನೆ.