ನವಾಝ್ ಹಿಡಿದ ಕ್ಯಾಚುಗಳು

ಮೊನ್ನೆ ಅಬುಧಾಬಿಯ ಖಾಲಿದಿಯಾದಲ್ಲಿರುವ ನಮ್ಮ ಆಫೀಸಿನಲ್ಲಿ ಊಟಕ್ಕೆ ಕೂತಿದ್ದೆ. ಪಕ್ಕದ ಮೇಜಿನ ಹುಡುಗ ತನ್ನ ಫೋನನ್ನು ತಂದು ನನ್ನ ಮೀನುಸಾರಿನ ಡಬ್ಬಿಯ ಮೇಲೆಯೇ ಹಿಡಿದ. ಅಮೆರಿಕದ ಯಾವುದೋ ಕಾಲೇಜಿನ ಫುಟ್‌ಬಾಲಂತೆ. ಹೆಸರು ಮಾತ್ರ ಫುಟ್‌ಬಾಲ್, ಕಾಲಿಗೆ ಅಲ್ಲಿ ಓಡುವುದೇ ಕೆಲಸ. ಒಬ್ಬ ಮೊಟ್ಟೆಯಂಥ ಚೆಂಡನ್ನು ದೂರಕ್ಕೆ ಎಸೆಯುತ್ತಾನೆ, ಇನ್ನೊಬ್ಬ ಓಡುತ್ತ ಓಡುತ್ತ ಅದನ್ನು ಹಿಡಿಯುತ್ತಾನೆ, ಹಿಂದಿನಿಂದ ನಾಲ್ಕು ಜನ ಬಂದು ಅವನ ಮೇಲೆ ಬೀಳುತ್ತಾರೆ. "ಅಂಕಲ್, ಇವನ ಕೈ ನೋಡಿ ಹೇಳಿ. ಕಾಲೇಜು ಮುಗಿಸಿ ದೊಡ್ಡ ಟೀಮಿಗೆ ಹೋಗ್ತಾನಾ?" ಅಂತ ಕೇಳಿದ. ಅಲ್ಲಿ ಇದನ್ನೇ ನೋಡಿ ಹೇಳುವ ಜನ ಇದ್ದಾರಂತೆ, ಅಂಗೈಯನ್ನು ಟೇಪು ಹಿಡಿದು ಅಳೆಯುತ್ತಾರಂತೆ. ನಾನು ಊಟ ಬಿಟ್ಟು ಮೂರು ಸಲ ನೋಡಿದೆ. ಕೈ ಚೆನ್ನಾಗಿತ್ತು. "ನನಗೆ ಗೊತ್ತಿಲ್ಲ ಮಾರಾಯ" ಅಂದುಬಿಟ್ಟೆ. ಅವನಿಗೆ ಬೇಜಾರಾಯಿತು.

ಅವನು ನನ್ನನ್ನೇ ಕೇಳಿದ್ದಕ್ಕೆ ಕಾರಣ ಉಂಟು. ಅಬುಧಾಬಿಯಲ್ಲಿರುವ ನಮ್ಮ ಊರಿನವರ ಕ್ರಿಕೆಟ್ಟಿನಲ್ಲಿ ನನ್ನನ್ನು ಕ್ಯಾಚಿನ ಪರೀಕ್ಷಕ ಅಂತ ಕರೆಯುತ್ತಿದ್ದರು. ಹೊಸ ಹುಡುಗ ಬಂದರೆ ಬ್ಯಾಟಿಂಗ್ ಯಾರಾದರೂ ನೋಡಲಿ, ಕ್ಯಾಚು ಮಾತ್ರ ನಾನೇ ನೋಡಬೇಕು. ನಾನೇನು ದೊಡ್ಡ ಆಟಗಾರನೆಂದು ತಿಳಿಯಬೇಡಿ. ಕಾಲೇಜಿನಲ್ಲಿ ಸ್ಲಿಪ್ಪಿನಲ್ಲಿ ನಿಂತು ನಾನು ಬಿಟ್ಟಷ್ಟು ಕ್ಯಾಚು ನಮ್ಮ ತಾಲೂಕಿನಲ್ಲಿ ಇನ್ಯಾರೂ ಬಿಟ್ಟಿರಲಿಕ್ಕಿಲ್ಲ. ಬಿಟ್ಟವನಿಗೇ ಹಿಡಿಯುವುದರ ಬೆಲೆ ಗೊತ್ತು ಅಂತ ನಾನು ವಾದ ಹೂಡಿದೆ, ಅವರೆಲ್ಲ ಹೌದು ಹೌದು ಅಂದರು. ನಮ್ಮವರಿಗೆ ಯಾರಾದರೂ ಗಟ್ಟಿಯಾಗಿ ಮಾತಾಡಿದರೆ ಸಾಕು, ಅಧ್ಯಕ್ಷ ಮಾಡಿಬಿಡುತ್ತಾರೆ. ಆದರೆ ಒಂದು ಮಾತು ಸುಳ್ಳಲ್ಲ. ನಾನು ಕೈ ನೋಡುತ್ತಿರಲಿಲ್ಲ, ಚೆಂಡು ಮೇಲೆ ಹೋದಾಗ ಹುಡುಗನ ಕಾಲು ನೋಡುತ್ತಿದ್ದೆ. ಎಲ್ಲಿ ಬೀಳುತ್ತದೆಂದು ಗೊತ್ತಿರುವವನ ಕಾಲು ಗಡಿಬಿಡಿ ಮಾಡುವುದಿಲ್ಲ.

ನವಾಝ್ ಬಂದದ್ದು ಐದು ವರ್ಷದ ಹಿಂದೆ. ಟೂರಿಸ್ಟ್ ಕ್ಲಬ್ ಏರಿಯಾದ ನಮ್ಮ ಬಿಲ್ಡಿಂಗಿನಲ್ಲೇ ಕೆಳಗಿನ ಮಹಡಿಯಲ್ಲಿ ಹಂಝ ಇದ್ದಾನೆ, ಬಂಟ್ವಾಳ ಕಡೆಯವ, ಆಸ್ಪತ್ರೆಗೆ ಸಾಮಾನು ಸಪ್ಲೈ ಮಾಡುವ ಕೆಲಸ. ನಾನು ಕ್ರಿಶ್ಚಿಯನ್ ಅಂತ ಅವನು ನನ್ನನ್ನು ಪೊರ್ಬುಗಳೇ ಅನ್ನುತ್ತಾನೆ, ಅವನು ಮುಸ್ಲಿಮ್ ಅಂತ ನಾನು ಅವನನ್ನು ಬ್ಯಾರಿಗಳೇ ಅನ್ನುತ್ತೇನೆ. ಊರಲ್ಲಿ ನಮ್ಮ ಅಪ್ಪಂದಿರು ಸಂತೆಯಲ್ಲಿ ಹೀಗೆಯೇ ಕರೆದುಕೊಳ್ಳುತ್ತಿದ್ದರು. ನವಾಝ್ ಅವನ ಹೆಂಡತಿ ಜುಬೈದಾಳ ತಮ್ಮ. ಮಂಗಳೂರಿನ ಕಾಲೇಜಿನ ಟೀಮಿನಲ್ಲಿ ಆಡಿದವ, ಡಿಗ್ರಿ ಮುಗಿಸಿ ವಿಸಿಟ್ ವೀಸಾದಲ್ಲಿ ಬಂದಿದ್ದ. ದುಬೈ ಕಡೆಯ ಜೆಬೆಲ್ ಅಲಿಯ ಒಂದು ಕಂಪೆನಿಯಲ್ಲಿ ನಮ್ಮ ಕಡೆಯ ಮ್ಯಾನೇಜರರೊಬ್ಬರಿಗೆ ಕ್ರಿಕೆಟ್ಟಿನ ಹುಚ್ಚು. ಕಂಪೆನಿಗಳ ನಡುವೆ ಇಲ್ಲಿ ಟೂರ್ನಮೆಂಟು ಜೋರು. ಆಡುವವನಾದರೆ ಗೋಡೌನಿನಲ್ಲಿ ಒಂದು ಕೆಲಸ, ಕಂಪೆನಿಯ ವೀಸಾ, ಇರಲಿಕ್ಕೆ ರೂಮು. ಟೀಮಿನಲ್ಲಿ ಒಂದು ಜಾಗ ಖಾಲಿ ಇತ್ತು, ಅದೂ ಫೀಲ್ಡಿಂಗಿಗೆ. "ನೀವು ಇವನನ್ನು ತಯಾರು ಮಾಡಿ ಪೊರ್ಬುಗಳೇ, ಉಳಿದದ್ದು ಅಲ್ಲಾಹು ನೋಡಿಕೊಳ್ತಾನೆ" ಅಂದ ಹಂಝ. ಊರಲ್ಲಿ ತಂದೆ ಇಲ್ಲ. ಇವನು ಇಲ್ಲಿ ನಿಂತರೆ ಆ ಮನೆ ನಿಲ್ಲುತ್ತದೆ ಅಂತ ಎಲ್ಲರಿಗೂ ಗೊತ್ತಿತ್ತು.

ಇಲ್ಲಿಯ ಸೆಕೆಯಲ್ಲಿ ಆಡುವುದಾದರೆ ರಜೆಯ ದಿನ ಸೂರ್ಯ ಹುಟ್ಟುವ ಹೊತ್ತಿಗೆ ಮೈದಾನದಲ್ಲಿರಬೇಕು. ಮೈದಾನ ಅಂದರೆ ಊರಾಚೆ ಒಂದು ಮರಳಿನ ಜಾಗ, ನಡುವೆ ಸಿಮೆಂಟಿನ ಪಿಚ್ಚು, ಅಷ್ಟೇ. ಅಲ್ಲಿ ಮೊದಲ ದಿನ ನವಾಝ್ ಕ್ಯಾಚು ಹಿಡಿಯುವುದನ್ನು ನೋಡಿ ನಾನು ಮಾತು ನಿಲ್ಲಿಸಿದೆ. ನಾನು ಮಾತು ನಿಲ್ಲಿಸುವುದು ಅಂದರೆ ಸಣ್ಣ ವಿಷಯವಲ್ಲ, ನನ್ನ ಹೆಂಡತಿಯನ್ನು ಕೇಳಿ. ಚೆಂಡು ಬ್ಯಾಟಿಗೆ ತಾಗುವ ಮೊದಲೇ ಅವನ ಕಾಲು ಹೊರಟಿರುತ್ತಿತ್ತು. ಬೆನ್ನ ಹಿಂದೆ ಬೀಳುವುದನ್ನು ಓಡಿಕೊಂಡೇ ಹಿಡಿಯುತ್ತಿದ್ದ. ಹಿಡಿದ ಮೇಲೆ ಹಾರುವುದು, ಕೂಗುವುದು ಏನೂ ಇಲ್ಲ, ಚೆಂಡನ್ನು ಪ್ಯಾಂಟಿಗೆ ಒರೆಸಿ ವಾಪಸು ಎಸೆಯುತ್ತಿದ್ದ. "ಯಾರು ಕಲಿಸಿದ್ದು ನಿನಗೆ?" ಅಂದೆ. "ಯಾರೂ ಇಲ್ಲ ಸರ್. ಮನೆ ಹಿಂದೆ ಗುಡ್ಡ ಉಂಟು. ಬಾಲ್ ಬಿಟ್ರೆ ಗುಡ್ಡ ಇಳಿದು ತರಬೇಕು. ಇಳೀಲಿಕ್ಕೆ ಉದಾಸೀನ" ಅಂದ. ನನಗೆ ಅವನು ಇಷ್ಟವಾಗಿಬಿಟ್ಟ.

ಒಂದು ದಿನ ಲೈಟಿನ ಅಭ್ಯಾಸ ಆಗಲಿ ಅಂತ ಸಂಜೆ ಲೈಟಿನ ಕಂಬ ಇರುವ ಇನ್ನೊಂದು ಮೈದಾನಕ್ಕೆ ಕರೆದುಕೊಂಡು ಹೋದೆ. ಕಂಪೆನಿ ಮ್ಯಾಚುಗಳೆಲ್ಲ ಸಂಜೆ ಮೇಲೆ ಲೈಟಿನಡಿ, ಅದೂ ಲೆದರ್ ಬಾಲಿನಲ್ಲಿ. ನಮ್ಮ ಹುಡುಗರು ಒಂದು ಚೆಂಡನ್ನು ಮೇಲಕ್ಕೆತ್ತಿದರು. ಅದು ನೇರ ನವಾಝನ ತಲೆಯ ಮೇಲೆ. ಅವನು ಕದಲಲಿಲ್ಲ. ಚೆಂಡು ಅವನ ಹಿಂದೆ ಮರಳಿನಲ್ಲಿ ಬಿತ್ತು. "ಬೆಣ್ಣೆ ಕೈ!" ಅಂತ ಎಲ್ಲ ನಕ್ಕರು. ಕೈ ಎಲ್ಲಿಂದ ಬೆಣ್ಣೆ? ಕೈ ಎತ್ತಿದರೆ ತಾನೇ? ಇನ್ನೊಂದು ಎತ್ತಿದರು. ಅವನ ಮುಖ ತಿರುಗಿತು, ಆದರೆ ಚೆಂಡಿನ ಕಡೆಗಲ್ಲ, ಹುಡುಗರು ಕೂಗುತ್ತಿದ್ದ ಕಡೆಗೆ. ಸೊಂಟ ನೋವು ಅಂತ ನೆವ ಹೇಳಿ ಅವನನ್ನು ಕರೆದುಕೊಂಡು ಹೊರಟೆ.

ಬಿಲ್ಡಿಂಗಿನ ಬೇಸ್‌ಮೆಂಟಿನಲ್ಲಿ ಕಾರು ನಿಲ್ಲಿಸಿ ಇಳಿದಾಗ ಅವನು ಪ್ರತಿಯೊಂದು ಕಾರಿನ ಮೈ ಸವರಿಕೊಂಡು ನಡೆಯುತ್ತಿದ್ದ. ಅವನು ಬಂದ ದಿನದಿಂದ ಹೀಗೆಯೇ ನಡೆಯುತ್ತಿದ್ದ, ನಾವು ನಾಚಿಕೆ ಸ್ವಭಾವ ಅಂದುಕೊಂಡಿದ್ದೆವು.

"ನವಾಝ್, ಕತ್ತಲಲ್ಲಿ ನಿನಗೆ ಕಾಣ್ತದಾ?"

"ಇಲ್ಲಿ ಲೈಟ್ ಉಂಟಲ್ಲ ಸರ್."

"ಉಂಟು. ನಾನು ಎಷ್ಟು ಬೆರಳು ತೋರಿಸ್ತಾ ಇದ್ದೇನೆ ಹೇಳು."

"ಬೇಡ ಸರ್" ಅಂದ.

ಆಮೇಲೆ ಅಲ್ಲೇ ಕಂಬಕ್ಕೊರಗಿ ಎಲ್ಲ ಹೇಳಿದ. ತಾಯಿಯ ಅಣ್ಣನಿಗೂ ಹೀಗೆಯೇ ಶುರುವಾದದ್ದಂತೆ, ಮೊದಲು ಕತ್ತಲಲ್ಲಿ, ಆಮೇಲೆ ಬದಿಯಲ್ಲಿರುವುದು ಕಾಣದೆ. ಈಗ ಅವರು ಮಗನ ಹೆಗಲು ಹಿಡಿದು ಮಸೀದಿಗೆ ಹೋಗುತ್ತಾರೆ. "ಮನೆಯಲ್ಲಿ ಯಾರಿಗೂ ಹೇಳಿಲ್ಲ ಸರ್. ಅಕ್ಕನಿಗೂ ಗೊತ್ತಿಲ್ಲ. ಟ್ರಯಲ್ ಬೆಳಿಗ್ಗೆ ಇಡ್ಲಿಕ್ಕೆ ಹೇಳಿ, ಅಷ್ಟು ಸಾಕು. ಒಮ್ಮೆ ವೀಸಾ ಹೊಡೆದ್ರೆ ಮತ್ತೆ ನಾನು ನೋಡಿಕೊಳ್ತೇನೆ." ಎಂತ ನೋಡಿಕೊಳ್ಳುವುದು ಅಂತ ನನ್ನ ಬಾಯಿಗೆ ಬಂದಿತ್ತು, ನುಂಗಿಕೊಂಡೆ. "ಬೆಳಿಗ್ಗೆ ಇಡಿಸುತ್ತೇನೆ. ಆದರೆ ಅವರು ನನ್ನನ್ನು ಕೇಳಿದರೆ ಸುಳ್ಳು ಹೇಳುವುದಿಲ್ಲ" ಅಂದೆ. ಅವನು ತಲೆಯಾಡಿಸಿದ. ಕೇಳಲಿಕ್ಕಿಲ್ಲ ಅಂತ ನಂಬಿದ್ದನೋ ಏನೋ. ನಾನೂ ಹಾಗೆಯೇ ನಂಬಿದ್ದೆ.

ಮ್ಯಾನೇಜರರು ಬೆಳಿಗ್ಗೆಯೇ ಬಂದರು, ಪಾಪ, ಜೆಬೆಲ್ ಅಲಿಯಿಂದ ಅಷ್ಟು ದೂರ. ನವಾಝ್ ಅವತ್ತು ಒಂದನ್ನೂ ಬಿಡಲಿಲ್ಲ. ಕೊನೆಗೆ ಅವರು ಬೇಕೆಂತಲೇ ಬೇರೆ ದಿಕ್ಕಿಗೆ ಹೊಡೆಸಿದ ಚೆಂಡನ್ನೂ ಓಡಿಹೋಗಿ ಬಿದ್ದು ಹಿಡಿದ. ಮೈಯೆಲ್ಲ ಮರಳು. ಮ್ಯಾನೇಜರರು ನನ್ನ ಹೆಗಲಿಗೆ ಹೊಡೆದು, "ಎಂತ ಕೈ ಮಾರಾಯ್ರೆ! ನಾಳೆಯೇ ವೀಸಾದ ಪೇಪರಿಗೆ ಕೊಡ್ತೇನೆ. ಬೌಂಡರಿಯಲ್ಲಿ ನಿಲ್ಲಿಸುದಾ, ಸ್ಲಿಪ್ಪಿನಲ್ಲಾ? ನೀವು ಹೇಳಿದ ಹಾಗೆ" ಅಂದರು.

ಕೇಳಿಯೇ ಬಿಟ್ಟರು. ನವಾಝ್ ಹತ್ತಿರದಲ್ಲೇ ನೀರು ಕುಡಿಯುತ್ತಿದ್ದ. ಲೈಟಿನಡಿ ಲೆದರ್ ಬಾಲು ಮುಖಕ್ಕೆ ಬಂದರೆ ಏನಾಗುತ್ತದೆ ಅಂತ ನನಗೆ ಗೊತ್ತಿತ್ತು. ಕಣ್ಣು ಕಾಣುವವನೊಬ್ಬನ ಕೆನ್ನೆಯ ಎಲುಬೇ ಪುಡಿಯಾದದ್ದನ್ನು ನೋಡಿದ್ದೇನೆ. "ಕೈ ಫಸ್ಟ್ ಕ್ಲಾಸ್. ಆದರೆ ಲೈಟಿನಲ್ಲಿ ಇವನಿಗೆ ಬಾಲ್ ಕಾಣುದಿಲ್ಲ. ಗೋಡೌನಿಗೆ ತಗೊಳ್ಳಿ, ಗ್ರೌಂಡಿಗೆ ಬೇಡ" ಅಂದೆ. ಅವರ ಮುಖದ ನಗು ಹೋಗಲಿಕ್ಕೆ ಸ್ವಲ್ಪ ಹೊತ್ತು ಬೇಕಾಯಿತು. "ಗೋಡೌನಿಗೆ ನನಗೆ ಜನ ಬೇಕಾದಷ್ಟು ಉಂಟು. ನಾನು ಬಂದದ್ದು ಕ್ಯಾಚಿಗೆ" ಅಂದರು. ಖಲಾಸ್. ಕಾರು ಹತ್ತಿ ಹೋದರು.

ನವಾಝ್ ನನಗೆ ಬೈಯಲಿಲ್ಲ. ಬೈದಿದ್ದರೆ ಒಳ್ಳೆಯದಿತ್ತು. "ನೀವು ಮೊದಲೇ ಹೇಳಿದ್ರಿ ಸರ್" ಅಂದ, ಅಷ್ಟೇ. ಬೈದದ್ದು ಜುಬೈದಾ. ಒಂದು ವರ್ಷದ ಮಗ ಝಯಾನನನ್ನು ಸೊಂಟದ ಮೇಲೆ ಕೂರಿಸಿಕೊಂಡು ಬಾಗಿಲಲ್ಲೇ ನಿಲ್ಲಿಸಿ ಕೇಳಿದಳು: "ಒಂದು ಹೂಂ ಅಂದಿದ್ರೆ ನಿಮ್ಮ ಗಂಟೇನು ಹೋಗ್ತಿತ್ತು ಅಣ್ಣ? ಕಣ್ಣು ಹೋಗುದಿದ್ರೆ ಹೇಗೂ ಹೋಗ್ತದೆ. ಅಷ್ಟರೊಳಗೆ ನಾಲ್ಕು ಕಾಸು ಮಾಡಿಕೊಳ್ತಿದ್ದ." ನಾನು ಮೆಟ್ಟಲು ಹತ್ತಿ ಮನೆಗೆ ಬಂದೆ. ನಾಳೆ ಯಾರಾದರೂ ಹಾಗೆ ಕೇಳಿದರೆ ಮ್ಯಾನೇಜರರಿಗೆ ಹೇಳಿದ ಮಾತನ್ನೇ ಹೇಳುತ್ತೇನೆ, ಅದು ನನಗೆ ಗೊತ್ತು. ಸರಿ ಮಾಡಿದವನಿಗೆ ನಿದ್ದೆ ಬರುತ್ತದೆ ಅನ್ನುವವರು ಒಮ್ಮೆ ನನ್ನ ಮನೆಗೆ ಬಂದು ಮಲಗಿ ನೋಡಲಿ.

ವಿಸಿಟ್ ಮುಗಿದು ನವಾಝ್ ಊರಿಗೆ ಹೋದ. ಮಂಗಳೂರಿನಲ್ಲಿ ಡಾಕ್ಟರು ನೋಡಿ ಮದ್ದಿಲ್ಲ ಅಂದರಂತೆ. ಈಗ ಹಗಲಿನಲ್ಲೂ ಎದುರಿಗೆ ಇದ್ದಷ್ಟೇ ಕಾಣುವುದು, ಕೊಳವೆಯಲ್ಲಿ ಇಣುಕಿದ ಹಾಗೆ. ದೊಡ್ಡಪ್ಪನ ಅಂಗಡಿಯಲ್ಲಿ ಕೂರುತ್ತಾನೆ. ಹಬ್ಬಕ್ಕೆ ನಾನೇ ಫೋನು ಮಾಡುತ್ತೇನೆ. ಕ್ರಿಕೆಟ್ಟು ಬಿಟ್ಟು ಬೇರೆಲ್ಲ ಮಾತಾಡುತ್ತೇವೆ.

ಆ ಡಾಕ್ಟರು ಇನ್ನೊಂದು ಮಾತು ಹೇಳಿದ್ದರು. ಅದನ್ನು ಹಂಝ ಒಮ್ಮೆ ಲಿಫ್ಟಿನಲ್ಲಿ, ಗೋಡೆ ನೋಡಿಕೊಂಡು, ನನಗೆ ಹೇಳಿದ: "ಪೊರ್ಬುಗಳೇ, ಇದು ತಾಯಿಯ ಕಡೆಯಿಂದ ಗಂಡುಮಕ್ಕಳಿಗೆ ಬರ್ತದಂತೆ. ತಾಯಿಗೆ ಏನೂ ಇರುದಿಲ್ಲ. ಬಂದ್ರೆ ಬಂತು, ಇಲ್ಲದಿದ್ರೆ ಇಲ್ಲ." ಅವನ ಮಹಡಿ ಬಂತು, ಇಳಿದು ಹೋದ. ಆಮೇಲೆ ನಾವಿಬ್ಬರೂ ಆ ವಿಷಯ ಎತ್ತಲಿಲ್ಲ. ಜುಬೈದಾ ನನ್ನ ಹತ್ತಿರ ಮಾತಾಡಿ ಐದು ವರ್ಷವಾಗಿತ್ತು.

ಆಫೀಸಿನ ಹುಡುಗ ವಿಡಿಯೋ ತೋರಿಸಿದ ವಾರದಲ್ಲೇ, ಶನಿವಾರ ಸಂಜೆ, ಜುಬೈದಾ ಫೋನು ಮಾಡಿದಳು. "ಒಮ್ಮೆ ಕೆಳಗೆ ಬನ್ನಿ ಅಣ್ಣ." ಹೋದೆ. ಹಂಝ ಸೋಫಾದ ಮೂಲೆಯಲ್ಲಿ ಕೂತಿದ್ದ, ಎದ್ದು ಸಲಾಂ ಕೂಡ ಹೇಳಲಿಲ್ಲ. ಆರು ವರ್ಷದ ಝಯಾನ್ ಸ್ಪಂಜಿನ ಹಳದಿ ಚೆಂಡು ಹಿಡಿದುಕೊಂಡು ಕುಣಿಯುತ್ತಿದ್ದ.

"ಎರಡು ವಾರದಿಂದ ಬಾತ್‌ರೂಮಿಗೆ ಹೋಗುವಾಗ ಗೋಡೆ ಸವರ್ತಾನೆ" ಅಂದಳು ಜುಬೈದಾ, ಮಗುವಿಗೆ ಅರ್ಥವಾಗದಂತೆ ತುಳುವಿನಲ್ಲಿ. "ಬುಧವಾರ ಡಾಕ್ಟರ ಹತ್ತಿರ ಹೋಗ್ಲಿಕ್ಕುಂಟು. ಅಲ್ಲಿವರೆಗೆ ತಡೀಲಿಕ್ಕೆ ನನ್ನಿಂದ ಆಗುದಿಲ್ಲ. ನೀವು ನೋಡಿ ಹೇಳಿ."

"ನಾನೆಂತ ಡಾಕ್ಟರಾ ಜುಬೈದಾ?"

"ನವಾಝನದ್ದು ಮೊದಲು ಕಂಡದ್ದು ನೀವೇ ಅಲ್ವಾ. ಒಂದೇ ಮನೆಯಲ್ಲಿದ್ದು ನಮಗೆ ಕಾಣ್ಲಿಲ್ಲ."

ಬೇಡ ಅನ್ನಬೇಕೆಂದಿದ್ದೆ. ಅವಳ ಮುಖ ನೋಡಿ ಆಗಲಿಲ್ಲ. ಚೆಂಡು ತೆಗೆದುಕೊಂಡು ಹಾಲಿನ ಈ ತುದಿಯಲ್ಲಿ ನಿಂತೆ, ಹುಡುಗ ಸೋಫಾದ ಮುಂದೆ ನಿಂತ. ಎಸೆದೆ, ಹಿಡಿದ. ಎಡಕ್ಕೆ ಎಸೆದೆ, ಹಿಡಿದ. ಕಾಲು ಮೊದಲೇ ಹೊರಡುತ್ತಿತ್ತು. ದೇವರೇ, ಅದೇ ಕಾಲು. "ಥ್ರೋ ಹಾರ್ಡರ್, ಅಂಕಲ್!" ಅಂತ ನಗುತ್ತಿದ್ದ. ನಾನೂ ನಕ್ಕೆ.

ಜುಬೈದಾ ಸ್ವಿಚ್ಚಿಗೆ ಕೈ ಹಾಕಿದಳು. ಲೈಟು ಆರಿತು. ಕಿಟಕಿಯಿಂದ ಎದುರು ಬಿಲ್ಡಿಂಗಿನ ಬೆಳಕು ಬರುತ್ತಿತ್ತು. ನನಗೆ, ಈ ಮುದಿ ಕಣ್ಣಿಗೆ, ಚೆಂಡಿನ ಹಳದಿ ಬಣ್ಣ ಕೂಡ ಕಾಣುತ್ತಿತ್ತು. ಹುಡುಗ ಎರಡೂ ಅಂಗೈ ಚಾಚಿ ತಯಾರಾಗಿ ನಿಂತಿದ್ದ. ನಾನು ಮೆಲ್ಲಗೆ, ಅವನ ಕೈಯೊಳಗೇ ಬೀಳುವ ಹಾಗೆ ಎಸೆದೆ. ಚೆಂಡು ಸ್ವಲ್ಪ ಓರೆಯಾಗಿ ಅವನ ಹೆಗಲ ಪಕ್ಕದಿಂದ ಹೋಗಿ ಹಿಂದೆ ಸೋಫಾದ ಮೇಲೆ, ಹಂಝನ ಮಡಿಲ ಬಳಿ ಬಿತ್ತು.

ಹುಡುಗ ಅಂಗೈ ಚಾಚಿಕೊಂಡೇ ನಿಂತಿದ್ದ, ಮುಖ ನನ್ನ ಕಡೆಗೆ.

"ಯಲ್ಲಾ, ಕಮಾನ್ ಅಂಕಲ್," ಅಂದ. "ಐ ಆಮ್ ರೆಡಿ. ಥ್ರೋ ಮಾಡಿ."