ದೊಡ್ಡಮ್ಮನ ಗಾಡಿ

ಇವತ್ತು ಬೆಳಿಗ್ಗೆ ಗಾಡಿಯ ಪ್ಲಗ್ಗನ್ನು ಪೆಟ್ರೋಲಿನಲ್ಲಿ ಅದ್ದಿ ಉಜ್ಜಿದೆ. ಎರಡು ಸಲ ಸೋಪು ಹಾಕಿ ತೊಳೆದರೂ ಬೆರಳಿನ ವಾಸನೆ ಹೋಗಲಿಲ್ಲ. ತಿಂಡಿಗೆ ಕೂತರೆ ಅಲ್ಲೂ ಅದೇ... ತುತ್ತು ಬಾಯಿಗಿಡುವ ಮೊದಲೇ ಶಿಡ್ಲಘಟ್ಟದ ಪಕ್ಕದ ಮನೆಯ ದೊಡ್ಡಮ್ಮ ಕಣ್ಣ ಮುಂದೆ ಬಂದು ನಿಂತರು.

ಆಗ ನಾನು ಕೆಲಸಕ್ಕೆ ಸೇರಿ ಎರಡು ತಿಂಗಳಾಗಿತ್ತು. ಸಾದಲಿ ಕಡೆಯ ಒಂದು ಸಣ್ಣ ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವ ಕೆಲಸ, ಶಿಡ್ಲಘಟ್ಟದಲ್ಲಿ ಬಾಡಿಗೆ ರೂಮು. ಒಂಬತ್ತಕ್ಕೆ ಡ್ಯೂಟಿ, ನನ್ನ ಬಸ್ಸು ತಲುಪುತ್ತಿದ್ದದ್ದು ಹತ್ತರ ಮೇಲೆ. ಶುಗರ್ ಪರೀಕ್ಷೆಗೆ ಬಂದವರು ಅಷ್ಟು ಹೊತ್ತೂ ಖಾಲಿ ಹೊಟ್ಟೆಯಲ್ಲಿ ಕಾಯಬೇಕು. ಒಂದು ದಿನ ಬಸುರಿಯೊಬ್ಬಳು ಬೆಂಚಿನ ಮೇಲೆಯೇ ತಲೆ ಸುತ್ತಿ ಬಿದ್ದಳು. ನಾನು ಹೋಗುವಷ್ಟರಲ್ಲಿ ಅವಳಿಗೆ ನೀರು ಚಿಮುಕಿಸಿ ಎಬ್ಬಿಸಿದ್ದರು. ಅವಳ ಅತ್ತೆ, “ನೀವಾದ್ರೂ ಏನ್ ಮಾಡ್ತೀರಮ್ಮ, ಬಸ್ಸು ಬರಬೇಕಲ್ಲ” ಅಂದರು. ಬೈದಿದ್ದರೇ ವಾಸಿಯಿತ್ತು. ಸೈಕಲ್ ಬಿಟ್ಟರೆ ಬೇರೇನೂ ಓಡಿಸಿದವಳಲ್ಲ ನಾನು. ಆದರೂ ಅವತ್ತೇ ಗಾಡಿ ತಗೊಳ್ಳುವುದು ಎಂದು ತೀರ್ಮಾನಿಸಿದೆ.

ದೊಡ್ಡಮ್ಮನ ಮನೆ ಮುಂದೆ ಹಳೆಯ ಬೈಕೊಂದು ನಿಂತಿರುತ್ತಿತ್ತು. ಅವರ ಯಜಮಾನರದು ಅಂದುಕೊಂಡಿದ್ದೆ. ಅಲ್ಲ, ಅವರದೇ. ರೇಷ್ಮೆ ಹುಳ ಸಾಕುತ್ತಿದ್ದ ಕಾಲದಲ್ಲಿ ಸೀರೆ ಎತ್ತಿ ಸಿಕ್ಕಿಸಿ, ಹಿಂದೆ ಗೂಡಿನ ಮೂಟೆ ಕಟ್ಟಿಕೊಂಡು ಅವರೇ ಮಾರ್ಕೆಟ್ಟಿಗೆ ಬರುತ್ತಿದ್ದರಂತೆ. ದಾರಿಯಲ್ಲಿ ಗಂಡಸರು ನಗುತ್ತಿದ್ದರಂತೆ. “ನಕ್ಕೋರ ಬಾಯಿಗೆ ಧೂಳು ಬೀಳ್ತಿತ್ತು, ಅಷ್ಟೇ” ಅನ್ನುತ್ತಿದ್ದರು. ಹುಳ ಸಾಕುವುದನ್ನು ಬಿಟ್ಟ ಮೇಲೆ ಗಾಡಿಗೆ ಕೆಲಸವಿರಲಿಲ್ಲ.

ನನಗೆ ಮಾರುತ್ತೀರಾ ಎಂದು ಕೇಳಿದೆ.

“ಕೊಡ್ತೀನಿ ಕಣಮ್ಮ. ಮೊದ್ಲು ಬಿಚ್ಚಿ ಹಾಕೋದು ಕಲಿ. ಓಡ್ಸೋದು ಆಮೇಲೆ.”

ಎಲ್‌ಎಲ್‌ಆರ್ ಕೈಗೆ ಬರುವವರೆಗೂ ಸಂಜೆ ಹೊತ್ತು ಅವರ ಅಂಗಳದಲ್ಲೇ ನನ್ನ ಪಾಠ. ಪ್ಲಗ್ ಬಿಚ್ಚುವುದು, ಮಸಿ ಉಜ್ಜುವುದು, ಚೈನನ್ನು ಬೆರಳಲ್ಲಿ ಎತ್ತಿ ಸಡಿಲ ನೋಡುವುದು, ಆಯಿಲ್ ಎಷ್ಟಿದೆ ಎಂದು ಕಡ್ಡಿ ಒರೆಸಿ ನೋಡುವುದು. ತಪ್ಪಾದರೆ ಬೈಯುತ್ತಿರಲಿಲ್ಲ, ಪೂರ್ತಿ ಬಿಚ್ಚಿ ಮತ್ತೆ ಮೊದಲಿಂದ ಮಾಡಿಸುತ್ತಿದ್ದರು. ಆಮೇಲೆ ಖಾಲಿ ಮೈದಾನದಲ್ಲಿ ಓಡಿಸಲು ಬಿಟ್ಟರು. ಕ್ಲಚ್ ಬಿಟ್ಟಾಗಲೆಲ್ಲ ಗಾಡಿ ಮುಗ್ಗರಿಸಿ ಆಫ್ ಆಗುತ್ತಿತ್ತು. ಅವರು ಬೇಲಿ ಪಕ್ಕ ಕಲ್ಲಿನ ಮೇಲೆ ಕೂತು, “ಇನ್ನೊಂದ್ಸಲ” ಅನ್ನುವರು.

ಮೊದಲ ಸಲ ಕೆರೆ ಕಟ್ಟೆಯ ರಸ್ತೆಗೆ ಇಳಿದ ದಿನವೇ ಜಲ್ಲಿಯ ಮೇಲೆ ಜಾರಿ ಬಿದ್ದೆ. ಮೊಣಕೈ ತರಚಿತು, ಕ್ಲಚ್ ಲಿವರ್ ಮುರಿಯಿತು. ಗಾಡಿ ತಳ್ಳಿಕೊಂಡು ಬಂದು, “ನನಗಿದು ಆಗಲ್ಲ ದೊಡ್ಡಮ್ಮ, ಬಸ್ಸಲ್ಲೇ ಹೋಗ್ತೀನಿ” ಎಂದೆ. ಗಾಯದ ಬಗ್ಗೆ ಅವರು ಒಂದು ಮಾತೂ ಕೇಳಲಿಲ್ಲ. ಅಂಗಡಿಗೆ ಹೋಗಿ ಹೊಸ ಲಿವರ್ ತಂದು, ಸ್ಪಾನರ್ ಜೊತೆ ನನ್ನ ಮುಂದಿಟ್ಟರು.

“ಹಾಕು.”

ಕೋಪ ಬಂತು. ಅದೇ ಕೋಪದಲ್ಲಿ ಹಾಕಿದೆ. ಆಗ ಅವರು ಸೀರೆಯ ಅಂಚು ಸ್ವಲ್ಪ ಸರಿಸಿ ಮೀನಖಂಡ ತೋರಿಸಿದರು. ಸೈಲೆನ್ಸರ್ ಸುಟ್ಟ ಉದ್ದನೆಯ ಕಲೆ. “ಏಮಿ ಕಾದು,” ಎಂದು ತೆಲುಗಿನಲ್ಲಂದು, “ಏನೂ ಆಗಲ್ಲ, ಹೋಗು” ಎಂದರು. ಮಾರನೇ ದಿನ ಹೋದೆ. ಅದರ ಮಾರನೇ ದಿನವೂ...

ಮಳೆಗಾಲದ ಒಂದು ಬೆಳಿಗ್ಗೆ ಅರ್ಧ ದಾರಿಯಲ್ಲಿ ಗಾಡಿ ನಿಂತಿತು. ಹಿಂದೆ ಮುಂದೆ ಯಾರೂ ಇರಲಿಲ್ಲ. ಹೊಂಗೆ ಮರದ ಕೆಳಗೆ ಪ್ಲಗ್ ಬಿಚ್ಚಿ, ದುಪಟ್ಟಾದಲ್ಲಿ ಒರೆಸಿ, ಮತ್ತೆ ಕೂರಿಸಿದೆ. ಏಳನೇ ಕಿಕ್ಕಿಗೆ ಶುರುವಾಯಿತು. ಒಂಬತ್ತಕ್ಕೆ ಐದು ನಿಮಿಷ ಇರುವಾಗ ಆಸ್ಪತ್ರೆಯ ಬಾಗಿಲಲ್ಲಿದ್ದೆ. ಸಂಜೆ ಓಡಿ ಹೋಗಿ ದೊಡ್ಡಮ್ಮನಿಗೆ ಹೇಳಿದರೆ ಕೇಳಿದ್ದು ಒಂದೇ ಮಾತು: “ಪ್ಲಗ್ ಮೊದ್ಲು ಕೈಲಿ ತಿರುಗ್ಸಿ ಆಮೇಲೆ ತಾನೆ ಸ್ಪಾನರ್ ಹಾಕಿದ್ದು?” ಹೌದೆಂದೆ. ಕಾಫಿ ಕೊಟ್ಟರು.

ಮೂರು ವರ್ಷದ ಮೇಲೆ ನನಗೆ ತೊಂಡೇಬಾವಿ ಕಡೆಗೆ ವರ್ಗವಾಯಿತು. ದೊಡ್ಡಮ್ಮ ಆಗಾಗ ಫೋನು ಮಾಡುತ್ತಿದ್ದರು. “ಗಾಡಿ ಹೆಂಗೈತೆ?” ಎಂದೇ ಮಾತು ಶುರು. ಚೆನ್ನಾಗಿದೆ ಅನ್ನುತ್ತಿದ್ದೆ. ಕೆಲಸದ ಮಧ್ಯೆ, ಆಮೇಲೆ ಮಾಡ್ತೀನಿ ದೊಡ್ಡಮ್ಮ ಎಂದು ಇಟ್ಟುಬಿಡುತ್ತಿದ್ದೆ. ನೀವು ಹೆಂಗಿದ್ದೀರಿ ಅಂತ ಒಂದು ದಿನವೂ ನೆಟ್ಟಗೆ ಕೂತು ಕೇಳಲಿಲ್ಲ.

ಕಳೆದ ವರ್ಷ ಅವರ ಮಗಳು ಫೋನು ಮಾಡಿದಾಗ ಎಲ್ಲ ಮುಗಿದಿತ್ತು. ಕಾಲಿಗಾದ ಸಣ್ಣ ಗಾಯ ವಾಸಿಯಾಗದೆ ಕೀವು ಮೇಲಕ್ಕೇರಿತ್ತಂತೆ. ಶುಗರ್ ಇತ್ತಂತೆ, ಎಷ್ಟು ವರ್ಷದಿಂದಲೋ... ಯಾರೂ ನೋಡಿರಲಿಲ್ಲ. ಊರವರ ರಕ್ತವನ್ನೆಲ್ಲ ನೋಡಿದ ನಾನು, ಅಷ್ಟು ಸಂಜೆ ಎದುರಿಗೇ ಕೂತಿದ್ದರೂ ಅವರ ಒಂದು ಹನಿ ರಕ್ತ ನೋಡಿರಲಿಲ್ಲ.

ಇದಕ್ಕೆ ಸಮಾಧಾನ ಇಲ್ಲ. ಹುಡುಕುತ್ತಲೂ ಇಲ್ಲ. ಭಾನುವಾರಗಳಲ್ಲಿ ಶುಗರ್ ನೋಡುವ ಮಿಷನ್ನು ಚೀಲದಲ್ಲಿಟ್ಟುಕೊಂಡು ಸುತ್ತಲಿನ ಊರುಗಳಿಗೆ ಹೋಗುತ್ತೇನೆ. ನನಗೇನೂ ಇಲ್ಲ ಕಣಮ್ಮ, ಹೋಗು ಅನ್ನುವ ಹೆಂಗಸರ ಮನೆಗೇ ಮೊದಲು. ಬೇಡ ಅಂದರೆ ಜಗಲಿಯ ಮೇಲೆ ಕೂತುಬಿಡುತ್ತೇನೆ. ಅವರು ಕೈ ಚಾಚುವವರೆಗೂ ಏಳುವುದಿಲ್ಲ.